ಎದುರು ಕುಳಿತವನ ಉಪಕಾರ

ತುಳುವರ ಕಾಲಗಣನೆಯಲ್ಲಿ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಆ ದಿನ ದೇವಸ್ಥಾನಗಳ ಉತ್ಸವಗಳೂ ಭೂತಗಳ ಕೋಲನೇಮಗಳೂ ವಿರಾಮಗೊಳ್ಳುತ್ತವೆ. ಆರು ತಿಂಗಳು ಊರೂರು ತಿರುಗಿದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇನ್ನು ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಆ ಸೀಮೆಯಲ್ಲಿ, ಗದ್ದೆಯ ನಾಟಿ ಮುಗಿದು, ಅಡಿಕೆಯ ತೋಟಕ್ಕೆ ಔಷಧ ಹೊಡೆದಾಗಿ, ಹೊರಗೆ ಹೊರಡಲು ಕಾರಣವೂ ಉತ್ಸಾಹವೂ ಇಲ್ಲದ ಸಂಜೆಗಳಲ್ಲಿ, ಕೃಷಿಕರು, ಮಾಸ್ತರರು, ವಕೀಲರು, ಅಂಗಡಿಯವರು, ಬ್ಯಾಂಕಿನ ಗುಮಾಸ್ತರು ಕೊಡೆ ಹಿಡಿದು ಯಾರದೋ ಮನೆಯ ಚಾವಡಿಗೋ ದೇವಸ್ಥಾನದ ಗೋಪುರಕ್ಕೋ ಬಂದು ಕೂಡುವ ರೂಢಿಯೊಂದು ತಲೆಮಾರುಗಳಿಂದ ನಡೆದುಬಂದಿದೆ. ಅದೇ ತಾಳಮದ್ದಲೆ.

ಕುಣಿತವಿಲ್ಲದ, ವೇಷವಿಲ್ಲದ ಯಕ್ಷಗಾನವೆಂದು ಅದನ್ನು ಸ್ಥೂಲವಾಗಿ ವರ್ಣಿಸಬಹುದು. ಭಾಗವತರು ಜಾಗಟೆ ಹಿಡಿದು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಚೆಂಡೆಮದ್ದಲೆಗಳು ಜೊತೆಗೂಡುತ್ತವೆ, ಪದ್ಯ ನಿಂತ ಮೇಲೆ ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಯು ತಾನೇ ರಾಮನೋ ಕರ್ಣನೋ ಆಗಿ ಆ ಪದ್ಯದ ಭಾವವನ್ನು ಮಾತಿನಲ್ಲಿ ಬೆಳೆಸುತ್ತಾನೆ. ಯಾವ ಪದ್ಯಗಳನ್ನು ಹಾಡುವುದೆಂಬಷ್ಟನ್ನು ಮೊದಲೇ ನಿಶ್ಚಯಿಸಿರುತ್ತಾರೆ. ಮಾತನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಎದುರಿಗೆ ಕುಳಿತವನು ಏನು ಕೇಳುವನೆಂಬುದು ಆ ಕ್ಷಣದವರೆಗೂ ತಿಳಿಯದು. ಕೇಳಿದಮೇಲೆ ಉತ್ತರ ಕೊಡದೆ ವಿಧಿಯಿಲ್ಲ.

ಈ ಕೂಟವನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವುಂಟು. ಬಾಲ್ಯದಲ್ಲಿ ಹೇರಳವಾಗಿದ್ದ ಆಟದ ಬುದ್ಧಿ ಪ್ರೌಢವಯಸ್ಸಿನಲ್ಲಿ ಬತ್ತಿಹೋಗುವುದಕ್ಕೆ ಪುರುಸೊತ್ತಿಲ್ಲದಿರುವುದೇ ಕಾರಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬಿಡುವು ದೊರೆತವರೂ, ನಿವೃತ್ತರೂ ಸಹ, ಅದೇ ನಿರುತ್ಸಾಹದಲ್ಲಿ ಮುಳುಗಿರುವುದನ್ನು ಕಂಡಾಗ ಈ ಸಮಾಧಾನ ಸಾಲದೆನಿಸುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮಲ್ಲಿ ಕೊರತೆಯಾಗುವುದು ಕಾಲವಲ್ಲ, ನಮಗಾಗಿ ಕಾದಿರುವ ಎದುರಾಳಿ. ಮಗುವನ್ನು ಬಾಗಿಲಲ್ಲಿ ನಿಂತು ಕೂಗಿ ಕರೆಯುವ ಗೆಳೆಯರಿರುತ್ತಾರೆ. ದೊಡ್ಡವರನ್ನು ಹಾಗೆ ಕರೆಯುವವರು ವಿರಳ. ತನ್ನ ಸಂಕಲ್ಪಬಲವೊಂದನ್ನೇ ನೆಚ್ಚಿ ಆರಂಭಿಸಿದ ಹವ್ಯಾಸ ನಾಲ್ಕು ದಿನಕ್ಕೆ ಸೊರಗುವುದೂ, ಇನ್ನೊಬ್ಬನು ಕಾದಿರುವನೆಂಬ ದಾಕ್ಷಿಣ್ಯಕ್ಕೆ ಹೊರಟುಹೋದ ಸಂಜೆ ಅನಿರೀಕ್ಷಿತವಾಗಿ ಉಲ್ಲಾಸ ತರುವುದೂ ಎಲ್ಲರ ಅನುಭವಕ್ಕೆ ಬಂದ ಸಂಗತಿಯೇ.

ಡಚ್ ಇತಿಹಾಸಕಾರ ಯೊಹಾನ್ ಹೈಸಿಂಗ ಎಂಬಾತನು 1938ರಲ್ಲಿ ಪ್ರಕಟಿಸಿದ 'ಹೋಮೋ ಲುಡೆನ್ಸ್' ಎಂಬ ಗ್ರಂಥದಲ್ಲಿ, ಆಟವು ಸಂಸ್ಕೃತಿಯ ಬಿಡುವಿನ ಅಲಂಕಾರವಲ್ಲ, ನ್ಯಾಯವಿಚಾರಣೆ, ಕಾವ್ಯ, ಪೂಜಾವಿಧಿಗಳ ಒಳಗೂ ಅದರ ಸ್ವಭಾವವಿದೆ ಎಂದು ವಾದಿಸಿದನು. ಸ್ವೇಚ್ಛೆಯಿಂದ ತೊಡಗುವುದು, ದೈನಂದಿನ ಬಾಳಿನಿಂದ ಬೇರೆಯಾದ ಕಾಲದೇಶಗಳನ್ನು ಗೊತ್ತುಮಾಡಿಕೊಳ್ಳುವುದು, ಒಪ್ಪಿದ ನಿಯಮಕ್ಕೆ ತಲೆಬಾಗುವುದು, ಇವು ಆತನು ಕಂಡ ಲಕ್ಷಣಗಳು. ತಾಳಮದ್ದಲೆಯಲ್ಲಿ ಇವೆಲ್ಲವೂ ಇವೆ. ಮೇಲಾಗಿ ಮಕ್ಕಳ ಆಟದಲ್ಲಿ ಕಾಣದ, ವಯಸ್ಸಾದವರಿಗೇ ಮೀಸಲಾದಂಥ ಒಂದು ಸೊಗಸೂ ಇದೆ. ಅದೆಂದರೆ, ಇಲ್ಲಿ ಕಥೆಯ ಅಂತ್ಯ ಎಲ್ಲರಿಗೂ ಗೊತ್ತು.

'ವಾಲಿವಧೆ'ಯನ್ನೇ ನೋಡಬಹುದು. ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುತ್ತಾನೆ: ನಿನಗೆ ನಾನು ಮಾಡಿದ ಅಪರಾಧವೇನು? ಇನ್ನೊಬ್ಬನೊಡನೆ ಕಾದುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ? ತಮ್ಮನ ಹೆಂಡತಿಯನ್ನು ಇರಿಸಿಕೊಂಡವನಿಗೆ ದಂಡನೆ ವಿಹಿತವೆಂದೂ, ಈ ಭೂಮಿ ಭರತನ ಆಳ್ವಿಕೆಗೆ ಸೇರಿದ್ದೆಂದೂ ರಾಮನು ಸಮರ್ಥಿಸಿಕೊಳ್ಳುತ್ತಾನೆ. ಇವೆಲ್ಲ ವಾಲ್ಮೀಕಿಯಲ್ಲೇ ಇರುವ ಮಾತುಗಳು. ಆದರೆ ಕೂಟದ ವಾಲಿ ಅಷ್ಟಕ್ಕೆ ಸುಮ್ಮನಾಗುವವನಲ್ಲ. ಸುಗ್ರೀವನ ವಿಷಯದಲ್ಲಿ ಈ ನ್ಯಾಯ ಅನ್ವಯಿಸುವುದಿಲ್ಲವೇ ಎನ್ನುತ್ತಾನೆ, ಮೃಗವೆಂದು ಬೇಟೆಯಾಡಿದೆಯೋ ಅಪರಾಧಿಯೆಂದು ಶಿಕ್ಷಿಸಿದೆಯೋ ಒಂದನ್ನು ಹೇಳು ಎಂದು ಪಟ್ಟು ಹಿಡಿಯುತ್ತಾನೆ. ವಾಲಿ ಸಾಯಲೇಬೇಕು, ಅದನ್ನು ಯಾರೂ ತಪ್ಪಿಸಲಾರರು. ಆದರೆ ಸಾಯುವ ಮುನ್ನ ವಾದದಲ್ಲಿ ಗೆಲ್ಲುವುದಕ್ಕೆ ಅವನಿಗೆ ಅಡ್ಡಿಯಿಲ್ಲ. ಮುಕ್ತಾಯ ಸ್ಥಿರವಾಗಿದ್ದು ನಡುವಿನದೆಲ್ಲ ಸ್ವತಂತ್ರವಾಗಿರುವ ಈ ಕ್ರೀಡೆ, ಬದಲಿಸಲಾಗದ ಹಲವನ್ನು ಬದುಕಿನಲ್ಲಿ ಒಪ್ಪಿಕೊಂಡ ನಡುವಯಸ್ಸಿನವರಿಗೆ ಇಷ್ಟು ಪ್ರಿಯವಾದದ್ದು ಸಹಜವೇ ಸರಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿ, ರಾವಣ, ಮಾಗಧರ ಪಕ್ಷವನ್ನು ಹಿಡಿದು ಮಾತನಾಡಿದಾಗ, ನೂರು ಸಲ ಕೇಳಿದ ಕಥೆಯನ್ನು ಜನರು ಹೊಸದಾಗಿ ಕೇಳುವಂತಾದದ್ದೂ ಇದರಿಂದಲೇ.

ಉತ್ಸಾಹವು ಎಲ್ಲಿಂದ ಹುಟ್ಟುವುದೆಂಬುದನ್ನೂ ಇಲ್ಲಿ ಕಾಣಬಹುದು. ಹೋದ ಕೂಟದಲ್ಲಿ ಎದುರಾಳಿ ಎಸೆದ ಪ್ರಶ್ನೆಗೆ ತಕ್ಕ ಉತ್ತರ ಹೊಳೆಯದೆ ತಡವರಿಸಿದವನು, ಮುಂದಿನ ಕೂಟದೊಳಗೆ ಕುಮಾರವ್ಯಾಸನನ್ನೂ ತೊರವೆ ರಾಮಾಯಣವನ್ನೂ ತೆಗೆದು ಕುಳಿತುಬಿಡುತ್ತಾನೆ. ಪರೀಕ್ಷೆಯ ಭಯವಾಗಲಿ ಬಹುಮಾನದ ಆಸೆಯಾಗಲಿ ಓದಿಸಲಾರದಷ್ಟನ್ನು ಆ ಒಂದು ಪ್ರಶ್ನೆ ಓದಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸೋಮಾ ಎಂಬ ತುಂಡುಗಳ ಒಗಟನ್ನು ಸಂತೋಷಕ್ಕಾಗಿ ಬಿಡಿಸುತ್ತಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಹಣ ಕೊಟ್ಟು, ಬಳಿಕ ಕೊಡುವುದನ್ನು ನಿಲ್ಲಿಸಿದಾಗ, ಬಿಡುವಿನ ವೇಳೆಯಲ್ಲಿ ಅವರು ಒಗಟನ್ನು ಮುಟ್ಟುವುದೇ ಕಡಿಮೆಯಾಯಿತು. ಮುಂದೆ ರಿಚರ್ಡ್ ರಯಾನ್ ಅವರೊಡನೆ ಕೂಡಿ ಡೆಸಿ ರೂಪಿಸಿದ ಸಿದ್ಧಾಂತದ ಪ್ರಕಾರ, ಮನುಷ್ಯನ ಅಂತರಂಗದ ಪ್ರೇರಣೆ ಉಳಿಯಬೇಕಾದರೆ ಸ್ವಾತಂತ್ರ್ಯ, ಸಾಮರ್ಥ್ಯದ ಅನುಭವ, ಪರಸ್ಪರ ಬಾಂಧವ್ಯ ಈ ಮೂರೂ ಬೇಕು. ಚಾವಡಿಯಲ್ಲಿ ಚಾಪೆ ಹಾಸಿ ಕುಳಿತವರಿಗೆ ಈ ಮೂರೂ ಒಂದೇ ಸಂಜೆಯಲ್ಲಿ ದೊರಕುತ್ತವೆ.

ಬಾಂಧವ್ಯದ ವಿಷಯದಲ್ಲಿ ಒಂದು ಮಾತು ಹೆಚ್ಚಾಗಿ ಹೇಳಬೇಕೆನಿಸುತ್ತದೆ. ಇಂದು ಕೃಷ್ಣನ ಅರ್ಥ ಹೇಳಿದವನು ಮುಂದಿನ ವಾರ ಕೌರವನಾಗಬೇಕಾಗುವುದು. ತಾನು ಖಂಡಿಸಿದ ಪಕ್ಷವನ್ನೇ ಮುಂದೆ ಸಮರ್ಥಿಸಬೇಕಾದವನ ಮನಸ್ಸು, ವಯಸ್ಸಿನೊಂದಿಗೆ ಅಭಿಪ್ರಾಯಗಳು ಕಲ್ಲಾಗುವ ಸಾಮಾನ್ಯ ದುರ್ಗತಿಯಿಂದ ಬಹುಮಟ್ಟಿಗೆ ಪಾರಾಗುತ್ತದೆ. ಮಾತಿನ ಬಿರುಸು ಮೇರೆ ಮೀರಿ ಮನಸ್ತಾಪವಾದ ಸಂದರ್ಭಗಳೂ ಇಲ್ಲದಿಲ್ಲ. ಆದರೂ ಮಂಗಳ ಹಾಡಿದ ಮೇಲೆ ರಾಮನೂ ವಾಲಿಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವ ಪದ್ಧತಿ, ವಿರೋಧವನ್ನು ಸಖ್ಯದೊಳಗೆ ಇರಿಸಿಕೊಳ್ಳುವ ಶಿಕ್ಷಣವನ್ನು ಸದ್ದಿಲ್ಲದೆ ಕೊಡುತ್ತಬಂದಿದೆ. ಸ್ವತಃ ದೊಡ್ಡ ಅರ್ಥಧಾರಿಯಾಗಿದ್ದ ದೇರಾಜೆ ಸೀತಾರಾಮಯ್ಯನವರು 'ಕುರುಕ್ಷೇತ್ರಕ್ಕೊಂದು ಆಯೋಗ' ಎಂಬ ಪುಸ್ತಕವನ್ನು ಬರೆದರು. ಮಹಾಭಾರತದ ಪಾತ್ರಗಳನ್ನೇ ವಿಚಾರಣೆಗೆ ಕರೆಯುವ ಆ ಧೈರ್ಯ, ಆ ಲೀಲೆ, ಕೂಟದಲ್ಲಿ ಪಳಗಿದ ಬುದ್ಧಿಗೆ ಮಾತ್ರ ಸಾಧ್ಯವೆಂದು ನನಗೆ ತೋರುತ್ತದೆ.

ಕರಾವಳಿಯಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದವರೂ ಬೆಂಗಳೂರಿನಲ್ಲಿ ನೌಕರಿ ಹಿಡಿದವರೂ ಈ ಆಟವನ್ನು ಜೊತೆಗೊಯ್ದರು. ಇತ್ತೀಚೆಗೆ, ಪ್ರಸಿದ್ಧ ಕಲಾವಿದರನ್ನು ಕರೆಸಿ, ಸಭಾಂಗಣದಲ್ಲಿ ಧ್ವನಿವರ್ಧಕವಿರಿಸಿ ನಡೆಸುವ ಕೂಟಗಳು ಹೆಚ್ಚಾಗಿವೆ. ಅವುಗಳಲ್ಲಿ ವಿದ್ವತ್ತಿನ ರಸದೌತಣವಿದೆ, ನಿಜ. ಆದರೆ ಊರಿನವರೆಲ್ಲ ಕೇಳುಗರಾಗಿ, ಆಡುವವರು ಹತ್ತೇ ಜನರಾದರೆ, ಕಲೆಗೆ ಲಾಭವಾದಷ್ಟೇ ಜೀವನಕ್ಕೆ ನಷ್ಟವಾಗುವುದೆಂಬ ವ್ಯಥೆ ನನ್ನದು. ಸಾಧಾರಣವಾಗಿ ಮಾತನಾಡುವ ಸಾಧಾರಣ ಮನುಷ್ಯನಿಗೂ ಅಲ್ಲೊಂದು ಚಾಪೆ ಇರಬೇಕು.

ಸ್ತ್ರೀಯರಿಗಂತೂ ಆ ಚಾಪೆ ಬಹುಕಾಲ ದೊರೆಯಲಿಲ್ಲ. ಈಚಿನ ದಶಕಗಳಲ್ಲಿ ಮಹಿಳೆಯರದೇ ತಂಡಗಳು ರೂಪುಗೊಂಡು, ಗೃಹಿಣಿಯರೂ ಅಧ್ಯಾಪಕಿಯರೂ ಭೀಷ್ಮನಾಗಿ, ಅಂಬೆಯಾಗಿ ಅರ್ಥ ಹೇಳುತ್ತಿರುವುದು ಈ ಪರಂಪರೆಯ ಅತ್ಯಂತ ಶುಭಕರವಾದ ಬೆಳವಣಿಗೆ. ಶಾಸ್ತ್ರೀಯ ಸಂಗೀತ ಕಲಿತಿದ್ದ ಲೀಲಾವತಿ ಬೈಪಾಡಿತ್ತಾಯರು ಮದುವೆಯಾದ ಮೇಲೆ ಪತಿ ಹರಿನಾರಾಯಣರಿಂದ ಯಕ್ಷಗಾನದ ಹಾಡುಗಾರಿಕೆಯನ್ನು ಕಲಿತು, ಗಂಡಸರದೇ ಆಗಿದ್ದ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದವರು. ಕಲಿಯುವ ವಯಸ್ಸು ಮುಗಿಯಿತೆಂದು ಸಂಸಾರಸ್ಥರು ತಾವಾಗಿ ಬರೆದುಕೊಳ್ಳುವ ತೀರ್ಪಿಗೆ ಇಂಥವರ ಬಾಳೇ ಉತ್ತರ.

ಹೊಸಬನು ಪ್ರವೇಶಿಸುವ ರೀತಿಯೂ ಉದಾರವಾದದ್ದು. ಮೊದಲು ದೂತನದೋ ಸಾರಥಿಯದೋ ನಾಲ್ಕು ಮಾತಿನ ಪಾತ್ರ ಕೊಡುತ್ತಾರೆ. ಅವನು ತೊದಲಿದರೆ, ಎದುರು ಕುಳಿತ ಹಿರಿಯನು ತನ್ನ ಪಾತ್ರದ ಮಾತಿನೊಳಗೇ ಅವನು ಮರೆತದ್ದನ್ನು ಪ್ರಶ್ನೆಯಾಗಿ ಕೇಳಿ, 'ನೀನು ಹಸ್ತಿನಾವತಿಯಿಂದಲೇ ಬಂದವನಲ್ಲವೇ, ಅಲ್ಲಿ ವಿದುರನು ಏನೆಂದ?' ಎಂದು ದಾರಿ ತೋರುತ್ತಾನೆ. ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಳ್ಳದೆ, ಉತ್ತರ ಬರುವವರೆಗೆ ಕಾಯುತ್ತಾರೆ.