ಯುದ್ಧದ ಲಾರಿ ಗಿಡ್ಡ ಮಾಡಿದ ಉಸ್ತಾದ್

ದಿಲ್ಲಿಯ ಲಕ್ಷ್ಮೀ ನಗರದಲ್ಲಿ ಮೆಟ್ರೊ ಇಳಿದರೆ ಮೊದಲು ಕಾಣುವುದು ಸಿ.ಎ. ಕೋಚಿಂಗ್ ಸೆಂಟರುಗಳ ಬ್ಯಾನರು. ವಿಕಾಸ ಮಾರ್ಗದ ಗದ್ದಲ ದಾಟಿ ಒಳಗೆ ಹೋದರೆ ಗಲ್ಲಿಗಳು. ಎದುರಿನಿಂದ ಸ್ಕೂಟರ್ ಬಂದರೆ ನಾವು ಯಾರದೋ ಮನೆಯ ಮೆಟ್ಟಿಲು ಹತ್ತಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಇಂಥದ್ದೊಂದು ಗಲ್ಲಿಯ ಮನೆಯ ಮೂರನೇ ಮಹಡಿಯಲ್ಲಿ, ಮಗ ಸೊಸೆಯ ಜೊತೆ ಇರುವ ಎಂಬತ್ತು ದಾಟಿದ ಸರದಾರ್‌ಜಿಯೊಬ್ಬರು ಒಂದು ಕಾಲದಲ್ಲಿ ಮಿಲಿಟರಿ ಲಾರಿಗಳನ್ನು ಕತ್ತರಿಸಿ ಗಿಡ್ಡ ಮಾಡುತ್ತಿದ್ದರು. ಅದಕ್ಕೆ ಕಾರ್ಖಾನೆ ಇರಲಿಲ್ಲ. ಮನೆ ಮುಂದಿನ ಖಾಲಿ ಜಾಗ, ಎರಡು ಜಾಕು, ನಾಲ್ಕು ಹಳೆಯ ರೈಲ್ವೆ ಸ್ಲೀಪರು, ಬಾಡಿಗೆಗೆ ತಂದ ಗ್ಯಾಸ್ ಕಟ್ಟಿಂಗ್ ಸೆಟ್ಟು, ಇಷ್ಟೇ. ಆಗ ಯಮುನೆಯ ಈ ದಂಡೆಯಲ್ಲಿ ಖಾಲಿ ಜಾಗಕ್ಕೆ ಬರವಿರಲಿಲ್ಲವಂತೆ.

ಹೆಸರು ಹಾಕಬೇಡಿ ಎಂದರು. ‘ನಾನು ಮಾಡಿದ್ದೆಲ್ಲ ಈಗ ಅಪರಾಧ ಅಲ್ಲವೇ ಬೇಟಾ?’ ಎಂದು ನಕ್ಕರು. ಗಲ್ಲಿಯವರು ಕರೆಯುವ ಹಾಗೆ ನಾವೂ ಉಸ್ತಾದ್‌ಜೀ ಎನ್ನೋಣ.

ಎರಡನೇ ಮಹಾಯುದ್ಧ 1945ರಲ್ಲಿ ಮುಗಿದಾಗ ಬರ್ಮಾ ಗಡಿಗೂ ಚೀನಾಕ್ಕೂ ಸರಕು ಸಾಗಿಸಲೆಂದು ತಂದಿದ್ದ ವಾಹನಗಳು ಭಾರತದಲ್ಲಿ ರಾಶಿ ಬಿದ್ದಿದ್ದವು. ಅಮೆರಿಕದ ಜಿ.ಎಂ.ಸಿ. ಕಂಪನಿಯ ಎರಡೂವರೆ ಟನ್ನಿನ, ಮೂರು ಆಕ್ಸಲ್‌ನ, ಎಲ್ಲ ಚಕ್ರಕ್ಕೂ ಎಂಜಿನ್ ಬಲ ಸಿಗುವ ಲಾರಿ, ಕೆನಡಾದಲ್ಲಿ ಫೋರ್ಡ್, ಷೆವರ್ಲೆ ಕಂಪನಿಗಳು ಕಟ್ಟಿದ ಚಪ್ಪಟೆ ಮೂತಿಯ ಲಾರಿ, ವಿಲ್ಲಿಸ್ ಜೀಪು, ಹಾರ್ಲೆ ಡೇವಿಡ್‌ಸನ್ ಮೋಟಾರ್ ಸೈಕಲ್ಲು. ಜಿ.ಎಂ.ಸಿ. ಲಾರಿಯನ್ನಂತೂ ಯುದ್ಧದ ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಿಸಿದ್ದರು. ವಾಪಸು ಒಯ್ಯುವ ಖರ್ಚಿಗಿಂತ ಇಲ್ಲೇ ಮಾರಿದರೆ ಲಾಭ. ‘ಡಿಸ್ಪೋಸಲ್ ಮಾಲು’ ಎಂಬ ಮಾತು ದಿಲ್ಲಿಯ ಬಜಾರಿಗೆ ಬಂದದ್ದು ಹಾಗೆ. ಎರಡೇ ವರ್ಷಕ್ಕೆ ದೇಶ ಒಡೆಯಿತು. ಪಶ್ಚಿಮ ಪಂಜಾಬಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರ ಕೈಯಲ್ಲಿ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ, ಕೆಲವರ ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ವಿದ್ಯೆಯಿತ್ತು. ಪಹಾಡ್‌ಗಂಜ್ ಪಕ್ಕದ ಮೋತಿಯಾ ಖಾನ್‌ನ ಗುಜರಿ, ಕಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳು ಇವರಿಂದ ತುಂಬಿದವು. ನಮ್ಮ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ ಎರಡನ್ನೂ ಸೇರಿಸಿ ಊಹಿಸಿಕೊಳ್ಳಿ. ಉಸ್ತಾದ್‌ಜೀ ಅಂಗಿಯ ತುಂಬ ಗ್ರೀಸು ಮಾಡಿಕೊಂಡು ಹೆಲ್ಪರಾಗಿ ಸೇರಿದ್ದು ಮೋತಿಯಾ ಖಾನ್‌ನಲ್ಲಿ.

ದಿಲ್ಲಿಗೆ ಆ ಕಾಲದಲ್ಲಿ ಬಂದು ಹೋದ ಕನ್ನಡಿಗರಿಗೆ ಈ ಕಸುಬಿನ ಒಂದು ಮುಖವಾದರೂ ನೆನಪಿರಬೇಕು: ಫಟ್‌ಫಟಿ. ಹಾರ್ಲೆಯ ಹಿಂದಿನ ಚಕ್ರ ಕಿತ್ತು, ಆ ಜಾಗಕ್ಕೆ ಆಕ್ಸಲ್ ಕೂರಿಸಿ, ಮೇಲೆ ಮರ ತಗಡಿನ ಗೂಡು ಕಟ್ಟಿ, ಆರೆಂಟು ಜನರನ್ನು ಎದುರುಬದುರು ತುಂಬಿಕೊಂಡು ಕನಾಟ್ ಪ್ಲೇಸಿನಿಂದ ಚಾಂದನಿ ಚೌಕದ ಕಡೆಗೆ ಓಡುತ್ತಿತ್ತು. ಸುಮಾರು 740 ಸಿ.ಸಿ.ಯ ಎಂಜಿನ್, ಮೂರು ಗೇರು. ಕ್ಲಚ್ಚು ಎಡಗಾಲಿಗೆ, ಗೇರಿನ ಹಿಡಿ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ. ಯುದ್ಧಕ್ಕೆಂದು ಸಂದೇಶ ಒಯ್ಯಲು ಮಾಡಿದ ಬೈಕು ಐವತ್ತು ವರ್ಷ ಗುಮಾಸ್ತರನ್ನೂ ಸೀರೆ ವ್ಯಾಪಾರಿಗಳನ್ನೂ ಹೊತ್ತಿತು. ಪೆಟ್ರೋಲ್ ದುಬಾರಿಯಾದಾಗ ಹಾರ್ಲೆಯ ಎಂಜಿನ್ನನ್ನೇ ತೆಗೆದು ಡೀಸೆಲ್ ಎಂಜಿನ್ ಕೂರಿಸಿದರು. ಆಗ ಸದ್ದು ಇನ್ನೂ ಹೆಚ್ಚಾಯಿತು, ಹೊಗೆಯಂತೂ ಹೇಳುವುದೇ ಬೇಡ. 1998ರಲ್ಲಿ ಮಾಲಿನ್ಯದ ಕಾರಣಕ್ಕೆ ಅವು ರಸ್ತೆಯಿಂದ ಹೋದವು.

ಇದೇ ಯುದ್ಧದ ಉಳಿಕೆ ಬೆಂಗಳೂರಿನಲ್ಲಿ ಏನಾಯಿತು ಎನ್ನುವುದೂ ಸೊಗಸಾದ ಕಥೆ. ಕಾನ್ಪುರದಲ್ಲಿ ಮಿತ್ರರಾಷ್ಟ್ರಗಳು ಬೇಕೆಂದೇ ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರ್ ವಿಮಾನಗಳನ್ನು ಎಚ್.ಎ.ಎಲ್.ನವರು ಹಾರುವಷ್ಟು ಮಾತ್ರ ರಿಪೇರಿ ಮಾಡಿದರು. ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರಾ ದುರಸ್ತಿಯಾಗಿ 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಅವುಗಳಿಂದಲೇ ಶುರುವಾಯಿತು. 1968ರವರೆಗೆ ಅವು ಸೇವೆಯಲ್ಲಿದ್ದವು. ಇದನ್ನು ಉಸ್ತಾದ್‌ಜೀಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ವಿಮಾನಕ್ಕೆ ಚಾಸಿ ಇರುವುದಿಲ್ಲವಲ್ಲ, ಸುಲಭ’ ಎಂದರು!

ಇನ್ನು ಲಾರಿಯ ವಿಷಯ. ನಾನು ಅವರನ್ನು ಹುಡುಕಿಕೊಂಡು ಹೋಗಿದ್ದೇ ಇದಕ್ಕೆ.

ಸೈನ್ಯದ ಲಾರಿ ಉದ್ದ. ಜನ, ಮದ್ದುಗುಂಡು, ಹಿಂದೆ ಕಟ್ಟಿದ ತೋಪು ಎಲ್ಲಕ್ಕೂ ಸಾಲಬೇಕು. ಆದರೆ ಡಿಸ್ಪೋಸಲ್‌ನಲ್ಲಿ ಕೊಳ್ಳುವವನು ಇಟ್ಟಿಗೆ ಗೂಡಿನವನು, ಕಲ್ಲುಕ್ವಾರಿಯವನು, ಗಢವಾಲದ ಬೆಟ್ಟದಲ್ಲಿ ತಿರುವು ತಿರುಗಿಸಬೇಕಾದವನು, ಕೆಟ್ಟುನಿಂತ ಬಸ್ಸುಗಳನ್ನು ಎಳೆದು ತರುವವನು. ಇವರಿಗೆ ಬಲ ಬೇಕು, ಉದ್ದ ಬೇಡ. ಹಾಗಾಗಿ ಹಿಂದಿನ ಎರಡು ಆಕ್ಸಲ್‌ನಲ್ಲಿ ಒಂದನ್ನು ತೆಗೆದು, ಚಾಸಿಯನ್ನು ಎರಡು ಮೂರು ಅಡಿ ಕತ್ತರಿಸಿ, ಮತ್ತೆ ಕೂಡಿಸುವ ಕೆಲಸ. ಇದೇನು ಕಂಪನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಜಿ.ಎಂ.ಸಿ.ಯವರೇ ಆ ಲಾರಿಯನ್ನು 164 ಇಂಚು ಮತ್ತು 145 ಇಂಚು ಎಂದು ಎರಡು ವೀಲ್‌ಬೇಸಿನಲ್ಲಿ ಮಾಡಿದ್ದರು. ‘ಅವರು 19 ಇಂಚು ಕಡಿಮೆ ಮಾಡಿದರು, ನಾವು ಇನ್ನಷ್ಟು’ ಎನ್ನುವುದು ಉಸ್ತಾದ್‌ಜೀ ಸಮರ್ಥನೆ.

ಕತ್ತರಿಸುವ ಮೊದಲು ಅಳತೆ. ಲಾರಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಟ್ಟು, ಬ್ಯಾಟರಿ ತಂತಿ ಬಿಚ್ಚಬೇಕು. ಚಾಸಿಯ ನಾಲ್ಕು ಮೂಲೆಯಿಂದ ದಾರಕ್ಕೆ ಕಟ್ಟಿದ ನಟ್ಟು ಇಳಿಬಿಟ್ಟು, ಅದು ನೆಲ ಮುಟ್ಟುವಲ್ಲಿ ಸೀಮೆಸುಣ್ಣದ ಗುರುತು. ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದದ್ದೂ, ಇನ್ನೊಂದು ಮೂಲೆಯಿಂದ ಅಳೆದದ್ದೂ ಒಂದೇ ಬರಬೇಕು. ಮತ್ತೆ ಕೂಡಿಸಿದ ಮೇಲೂ ಆ ಎರಡು ಅಳತೆ ಒಂದೇ ಇರಬೇಕು. ಅರ್ಧ ಇಂಚು ತಪ್ಪಿದರೂ ಲಾರಿ ಏಡಿಯ ಹಾಗೆ ಓರೆಯಾಗಿ ಹೋಗುತ್ತದೆ, ಆರು ತಿಂಗಳಿಗೆ ಟೈರು ಸವೆಯುತ್ತದೆ. ಗುರುತಿನ ಮೇಲೆ ಮಕ್ಕಳು ಕಾಲಿಡದಂತೆ ಕಾಯುವುದು ಮನೆಯಾಕೆಯ ಕೆಲಸವಾಗಿತ್ತು. ಪಾಪ, ಆಕೆಗೆ ಕೂಲಿಯಿರಲಿಲ್ಲ.

ಕೊಯ್ತ ನೇರವಾಗಿ ಇರಬಾರದು. ಅಡ್ಡಕ್ಕೆ ನೇರ ಕೊಯ್ದು ಬೆಸೆದರೆ ಬಿರುಕೂ ಅದೇ ಗೆರೆಯಲ್ಲಿ ನೇರ ಬರುತ್ತದೆ. ಓರೆಯಾಗಿ ಇಲ್ಲವೇ ಮೆಟ್ಟಿಲಿನಂತೆ ಕೊಯ್ಯಬೇಕು. ಸ್ಪ್ರಿಂಗ್ ಬ್ರಾಕೆಟ್ಟಿನ ಹತ್ತಿರ ಗ್ಯಾಸ್ ಹಿಡಿಯಲೇಬಾರದು, ಭಾರವೆಲ್ಲ ಅಲ್ಲೇ ಬೀಳುವುದು. ಕೂಡಿಸಿದ ಮೇಲೆ ಒಳಗಡೆ ದಪ್ಪ ಪ್ಲೇಟು ಕೊಟ್ಟು ರಿವೆಟ್ ಹೊಡೆಯಬೇಕು. ತೂತು ಡ್ರಿಲ್ಲಿನಿಂದಲೇ ಆಗಬೇಕು, ಗ್ಯಾಸಿನಲ್ಲಿ ಊದಿ ಮಾಡುವವನು ಮೇಸ್ತ್ರಿಯಲ್ಲ, ಕಟುಕ. ಇದೆಲ್ಲ ಅವರು ಗಡಗಡನೆ ಹೇಳಿ ಮುಗಿಸಿದರು. ಬ್ರೇಕ್ ಪೈಪು, ಸೈಲೆನ್ಸರು, ವೈರಿಂಗ್ ಬಗ್ಗೆ ಕೇಳಿದರೆ ‘ಅದು ಹುಡುಗರ ಕೆಲಸ’ ಎಂದು ಕೈಯಾಡಿಸಿಬಿಟ್ಟರು. ಅವರ ಜೀವ ಇದ್ದದ್ದು ಪ್ರೊಪೆಲ್ಲರ್ ಶಾಫ್ಟಿನಲ್ಲಿ.

ಗೇರ್ ಬಾಕ್ಸಿನ ಕಡೆಯಿಂದ ಹಿಂದಿನ ಹೌಸಿಂಗಿಗೆ ಹೋಗುವ ಉದ್ದನೆಯ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಎರಡು ತುದಿಗೂ ಒಂದೊಂದು ಕ್ರಾಸು, ಅಂದರೆ ಶಾಫ್ಟು ಓರೆಯಾಗಿದ್ದೂ ತಿರುಗಲು ಬಿಡುವ ಕೀಲು. ಚಾಸಿ ಗಿಡ್ಡವಾದರೆ ಇದೂ ಗಿಡ್ಡವಾಗಲೇಬೇಕು. ಲೇತ್‌ನಲ್ಲಿ ಕೊಳವೆ ಕತ್ತರಿಸಿ ಬೆಸೆದರೆ ಆಯಿತು ಎಂದುಕೊಂಡವರ ಲಾರಿ ಗಂಟೆಗೆ ಇಪ್ಪತ್ತು ಮೈಲಿಯಲ್ಲೇ ಗಡಗಡ ನಡುಗುತ್ತದೆ. ಯಾಕೆ ಎಂದು ತೋರಿಸಲು ಉಸ್ತಾದ್‌ಜೀ ನನ್ನನ್ನು ತಾರಸಿಗೆ ಕರೆದೊಯ್ದರು. ಬಾಗಿಲು ಗಾಳಿಗೆ ಬಡಿಯದಂತೆ ಇಟ್ಟಿದ್ದ ಕಬ್ಬಿಣದ ತುಂಡನ್ನು ಎತ್ತಿಕೊಂಡರು. ಗೇಣುದ್ದದ ಕೊಳವೆ, ಎರಡೂ ಕಡೆ ಕ್ರಾಸನ್ನು ಹಿಡಿಯುವ ಎರಡು ಕಿವಿಯ ಯೋಕು, ಅದರಲ್ಲಿ ತುಕ್ಕು ಹಿಡಿದೂ ಇನ್ನೂ ಆಡುವ ಕ್ರಾಸು. ಕ್ರಾಸು ಓರೆಯಾಗಿ ನಿಂತು ತಿರುಗುವಾಗ ಶಾಫ್ಟು ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಆ ಏರುಪೇರನ್ನು ಇನ್ನೊಂದು ತುದಿಯ ಕ್ರಾಸು ತಿರುಗುಮುರುಗಾಗಿ ಮಾಡಿ ಸರಿದೂಗಿಸುತ್ತದೆ. ಆದರೆ ಎರಡೂ ಯೋಕಿನ ಕಿವಿಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ. ಬೆಸೆಯುವಾಗ ಒಂದು ಕಿವಿ ತುಸು ತಿರುಗಿಕೊಂಡರೂ ಸರಿದೂಗುವ ಬದಲು ನಡುಕ ಉಳಿಯುತ್ತದೆ. ಕ್ರಾಸು ಒಡೆಯುತ್ತದೆ, ಕೊನೆಗೆ ಗೇರ್ ಬಾಕ್ಸಿನ ಬೇರಿಂಗು ಹೋಗುತ್ತದೆ.

ಅದಕ್ಕೆ ಅವರ ಉಪಾಯ ಇಷ್ಟೇ. ಕತ್ತರಿಸುವ ಮೊದಲು ಅರದ ತುದಿಯಿಂದ ಕೊಳವೆಯ ಉದ್ದಕ್ಕೂ ಒಂದೇ ಒಂದು ಗೀರು. ನಡುವಿನ ತುಂಡು ತೆಗೆದ ಮೇಲೆ ಉಳಿದೆರಡರ ಗೀರು ಗೀರಿಗೆ ಕೂಡಬೇಕು. ಆ ಕಬ್ಬಿಣದ ತುಂಡನ್ನು ಬಿಸಿಲಿಗೆ ಹಿಡಿದರು. ಬೆಸುಗೆಯ ಉಬ್ಬಿನ ಈಚೆಗೂ ಆಚೆಗೂ ಕೂದಲೆಳೆಯ ಗೆರೆ ಮುರಿಯದೆ ಹೋಗಿತ್ತು. ಎಂಜಿನಿಯರಿಂಗ್ ಓದಿದವರು ಇದನ್ನು ಪುಟಗಟ್ಟಲೆ ತ್ರಿಕೋನಮಿತಿಯಲ್ಲಿ ಕಲಿಯುತ್ತಾರೆ. ಉಸ್ತಾದ್‌ಜೀ ಓದಿದ್ದು ನಾಲ್ಕನೇ ಕ್ಲಾಸು.

ಗಿಡ್ಡ ಮಾಡಿದ ಲಾರಿಗೆ ದೋಷಗಳಿಲ್ಲ ಎಂದೇನೂ ಅವರು ಹೇಳಲಿಲ್ಲ. ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಹೆಚ್ಚು ನುಗ್ಗುತ್ತದೆ, ಹಿಂದಿನ ಚಕ್ರ ಕಚ್ಚಿ ಜಾರುತ್ತದೆ. ಪಾಟಾ ಸ್ಪ್ರಿಂಗಿನ ಎಲೆಗಳನ್ನು ಕಡಿಮೆ ಮಾಡದಿದ್ದರೆ ಖಾಲಿ ಲಾರಿ ಕುಣಿಯುತ್ತದೆ. ಹಾಗೆಂದು ಹೆಚ್ಚು ಎಲೆ ತೆಗೆದರೆ ಭಾರ ಹಾಕಿದಾಗ ಕೂತುಬಿಡುತ್ತದೆ. ಇದನ್ನು ಯಾವ ಪುಸ್ತಕ ನೋಡಿಯೂ ಹೇಳಲಾಗದು, ಓಡಿಸಿಯೇ ತಿಳಿಯಬೇಕು.

ಯುದ್ಧದ ಲಾರಿಗಳು ಮುಗಿದ ಮೇಲೆ ನಮ್ಮದೇ ಸೈನ್ಯದ ವಾಹನಗಳು ಬಂದವು. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲಪುರದಲ್ಲಿ 1959ರಿಂದ ತಯಾರಾದ ಶಕ್ತಿಮಾನ್, ನಿಸಾನ್ ಒಂದು ಟನ್ನಿನ ಲಾರಿ, ಜೋಂಗಾ ಜೀಪು. ಜೋಂಗಾ ಎಂಬ ಹೆಸರೂ ಜಬಲಪುರದ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಿಂದ ಆದದ್ದು. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಕುಡಿಯುವುದರಲ್ಲಿ ಧಾರಾಳಿ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆ ಜೀಪು ಕಟ್ಟಿಕೊಡುವ ಗ್ಯಾರೇಜುಗಳ ಸಾಲೇ ಇದೆ. ನಮ್ಮ ಮಲೆನಾಡು, ಕೊಡಗಿನ ತೋಟಗಳ ಜೀಪುಗಳನ್ನು ನೋಡಿದವರಿಗೆ ಹಳೆ ಜೀಪಿನ ಈ ಮೋಹ ಅರ್ಥವಾಗುತ್ತದೆ. ಫಿಲಿಪೀನ್ಸಿನಲ್ಲಿ ಇದೇ ಯುದ್ಧದ ಜೀಪನ್ನು ಉದ್ದ ಎಳೆದು, ಬಣ್ಣ ಬಳಿದು, ಜೀಪ್ನಿ ಎಂದು ಊರಿನ ಬಸ್ಸನ್ನೇ ಮಾಡಿಕೊಂಡರು. ಅಲ್ಲಿ ಹಿಗ್ಗಿಸಿದರು, ಇಲ್ಲಿ ಕುಗ್ಗಿಸಿದರು.

ಈಗ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರಚನೆ ಬದಲಿಸುವುದಕ್ಕೆ ಅಡ್ಡ ನಿಲ್ಲುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತಷ್ಟು ಖಚಿತ ಮಾಡಿತು. ದಿಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿಯ ನಿಷೇಧ 2014–15ರಲ್ಲಿ ಬಂತು. ಇಂಥವಕ್ಕೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದೆಂಬ ಆದೇಶ 2025ರ ಜುಲೈ 1ರಂದು ಜಾರಿಗೆ ಬಂದು, ಕೆಲವೇ ದಿನಗಳಲ್ಲಿ ನಿಂತಿತು. ಈ ಊರಿನ ಗಾಳಿ ಕುಡಿಯುವವನಾಗಿ ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಬ್ರೇಕ್ ಸರಿಯಿಲ್ಲದ ಗಿಡ್ಡ ಲಾರಿ ವಿಕಾಸ ಮಾರ್ಗದಲ್ಲಿ ಓಡಾಡಲಿ ಎಂದು ನಾನು ಹೇಳಲಾರೆ.

ನನ್ನ ತಕರಾರು ಬೇರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಬಾಡಿಗೆಗೆ ಓಡದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟು, ಹೊಸ ನೋಂದಣಿಗೆ 20,000 ರೂಪಾಯಿ. ಷರತ್ತು ಏನೆಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಮಹಾರಾಜರ ಷೆಡ್ಡಿನಲ್ಲಿ ಬಟ್ಟೆ ಹೊದ್ದು ಕೂತಿದ್ದ ಕಾರು ಇದರಲ್ಲಿ ಪಾಸಾಗುತ್ತದೆ. ಫಟ್‌ಫಟಿಗೆ ಮೂರು ಚಕ್ರ, ಅದು ಬಾಗಿಲಲ್ಲೇ ಫೇಲು. ಉಸ್ತಾದ್‌ಜೀ ಗಿಡ್ಡ ಮಾಡಿದ ಲಾರಿಯೂ ಫೇಲು. ಕೆಲಸಕ್ಕೆ ಬಾರದೆ ಉಳಿದದ್ದು ಪರಂಪರೆ, ದುಡಿದು ರೂಪ ಬದಲಾದದ್ದು ಗುಜರಿ ಎನ್ನುವ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ರಸ್ತೆಗೆ ಬಿಡಬೇಡಿ. ಆದರೆ ವಿಂಟೇಜ್ ರ‍್ಯಾಲಿಯ ಒಂದು ಮೂಲೆಯಲ್ಲಿ, ಮ್ಯೂಸಿಯಮ್ಮಿನ ಅಂಗಳದಲ್ಲಿ ಇವಕ್ಕೂ ಒಂದು ವರ್ಗ ಇರಲಿ.

ಉಸ್ತಾದ್‌ಜೀ ಕತ್ತರಿಸಿದ ಲಾರಿ ಒಂದೂ ಅವರಿಗೆ ಗೊತ್ತಿರುವಂತೆ ಉಳಿದಿಲ್ಲ. ಮೋತಿಯಾ ಖಾನ್‌ನ ಗುಜರಿಯವರು ಮಾಯಾಪುರಿಗೆ ಹೋಗಿ ದಶಕಗಳಾದವು, ಲಾರಿಗಳೂ ಹೆಚ್ಚಿನಂಶ ಅಲ್ಲಿಗೇ ತುಂಡಾಗಲು ಹೋಗಿರಬೇಕು. ಮಗ ಕಂಪ್ಯೂಟರ್ ಅಂಗಡಿಯಲ್ಲಿದ್ದಾನೆ, ಮೊಮ್ಮಗಳು ಸಿ.ಎ. ಓದುತ್ತಿದ್ದಾಳೆ. ಕಸುಬು ಕಲಿಯಲು ಯಾರೂ ಬಂದಿಲ್ಲ, ಬರಬೇಕೆಂದು ಅವರಿಗೂ ಇಲ್ಲ.

ಓದುಗರಲ್ಲಿ ಒಂದು ಕೋರಿಕೆ. ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ನಿಮ್ಮ ತೋಟದ ಹಿಂದೆ ಅಜ್ಜನ ಕಾಲದ ಮಿಲಿಟರಿ ಲಾರಿಯೋ ಜೀಪೋ ಬಿದ್ದಿದ್ದರೆ, ಗುಜರಿಯವನಿಗೆ ತೂಕಕ್ಕೆ ಕೊಡುವ ಮೊದಲು ಒಂದು ಸಲ ಅದರ ಅಡಿಗೆ ನುಗ್ಗಿ ನೋಡಿ. ಚಾಸಿಯಲ್ಲಿ ಓರೆ ಬೆಸುಗೆ, ಶಾಫ್ಟಿನ ಮೇಲೆ ಉದ್ದನೆಯ ಗೀರು ಕಂಡರೆ ಫೋಟೊ ತೆಗೆದಿಟ್ಟುಕೊಳ್ಳಿ. ಅದನ್ನು ಯಾರು ಮಾಡಿದರೆಂದು ಮನೆಯ ಹಿರಿಯರನ್ನು ಕೇಳಿ, ಬರೆದಿಡಿ.