ಎರಡು ಮೊನೆಗಳ ಶೋಧಕ

ಹೊಸ ತಕ್ಕಡಿಯೊಂದನ್ನು ಅನುಭವಸ್ಥನಾದ ಅಕ್ಕಸಾಲಿಗನ ಕೈಗೆ ಕೊಟ್ಟರೆ ಅವನು ಮೊದಲು ಪರೀಕ್ಷಿಸುವುದು ಚಿನ್ನವನ್ನಲ್ಲ, ತಕ್ಕಡಿಯನ್ನೇ. ಬರಿಯ ತಟ್ಟೆಗಳು ಸಮವಾಗಿ ನಿಲ್ಲುವುವೇ ಎಂದು ನೋಡಿ, ಬಳಿಕ ಒಂದರಲ್ಲಿ ತೂಕದ ಬಟ್ಟನ್ನೂ ಇನ್ನೊಂದರಲ್ಲಿ ಒಡವೆಯನ್ನೂ ಇಟ್ಟು ಮುಳ್ಳನ್ನು ಗಮನಿಸಿ, ತರುವಾಯ ಅವೆರಡನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ನೋಡುವನು. ಸ್ಥಾನ ಪಲ್ಲಟವಾದ ಮೇಲೂ ಮುಳ್ಳು ಅದೇ ಮಾತನ್ನು ನುಡಿದರೆ ಮಾತ್ರ ಆ ತಕ್ಕಡಿಗೆ ಅವನ ಅಂಗಡಿಯಲ್ಲಿ ಸ್ಥಳ. ವಿದ್ಯುತ್ತಿನ ಜಗತ್ತಿನಲ್ಲಿಯೂ ಇಂಥದೊಂದು ತಕ್ಕಡಿಯುಂಟು. ಅದರ ಹೆಸರು ಡಿಫರೆನ್ಷಿಯಲ್ ಪ್ರೋಬ್, ಎಂದರೆ ಎರಡು ಬಿಂದುಗಳ ನಡುವಣ ವ್ಯತ್ಯಾಸವನ್ನು ಮಾತ್ರ ಗ್ರಹಿಸುವ ಶೋಧಕ. ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾದ ಅಂಥ ಶೋಧಕವೊಂದನ್ನು ರಿಪೇರಿ ಮಾಡಿ ಸರಿದೂಗಿಸುವ ಕೆಲಸದಲ್ಲಿ ನಾನು ಅನೇಕ ಸಂಜೆಗಳನ್ನು ಕಳೆದಿದ್ದೇನೆ; ಆ ಕೆಲಸದ ತಿರುಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಆಸಿಲೋಸ್ಕೋಪಿನ ಮಾತು. ಕ್ಷಣಕ್ಷಣಕ್ಕೂ ಏರಿಳಿಯುವ ವಿದ್ಯುದೊತ್ತಡವನ್ನು ಬೆಳಕಿನ ಗೆರೆಯಾಗಿ ಪರದೆಯ ಮೇಲೆ ಬರೆದು ತೋರಿಸುವ ಈ ಯಂತ್ರದ ಮೂಲಪುರುಷನು ೧೮೯೭ರಲ್ಲಿ ಕ್ಯಾಥೋಡ್ ಕಿರಣದ ನಳಿಕೆಯನ್ನು ರಚಿಸಿದ ಜರ್ಮನ್ ವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್. ನಾವು ಪರೀಕ್ಷಿಸಬೇಕಾದ ವಿದ್ಯುನ್ಮಂಡಲಕ್ಕೂ ಈ ಪರದೆಗೂ ನಡುವೆ ಸಂಬಂಧ ಬೆಳೆಸುವ ಕೈಯೇ ಪ್ರೋಬ್. ಸಾಮಾನ್ಯ ಪ್ರೋಬಿಗೆ ಒಂದು ಮೊನೆ, ಒಂದು ಕ್ಲಿಪ್ಪು. ಮೊನೆಯು ನೋಡುವುದು, ಕ್ಲಿಪ್ಪು ನೆಲವನ್ನು ಹಿಡಿದಿರುವುದು. ಈ ಕ್ಲಿಪ್ಪು ಯಂತ್ರದ ಕವಚದ ಮೂಲಕ ಗೋಡೆಯ ಪ್ಲಗ್ಗಿನ ಅರ್ಥಿಂಗ್ ತಂತಿಗೇ ಸೇರಿರುವುದೆಂಬ ಸಂಗತಿಯನ್ನು ಮರೆತು, ನೆಲಮಟ್ಟದಲ್ಲಿಲ್ಲದ ಯಾವುದೋ ಬಿಂದುವಿಗೆ ಅದನ್ನು ಕಚ್ಚಿಸಿದವರು ಒಂದು ಕಿಡಿಯನ್ನೂ, ಸುಟ್ಟುಹೋದ ಮಂಡಲವನ್ನೂ ಕಾಣುವರು. ಕೆಲವರು ಇದಕ್ಕೆ ಪರಿಹಾರವೆಂದು ಆಸಿಲೋಸ್ಕೋಪಿನ ಅರ್ಥಿಂಗ್ ತಂತಿಯನ್ನೇ ಕತ್ತರಿಸಿಹಾಕುವುದುಂಟು. ಇದು ಪ್ರಾಣಾಪಾಯದ ಕೆಲಸ. ಹಾಗೆ ಮಾಡಿದಾಗ ಯಂತ್ರದ ಲೋಹದ ಮೈಯೆಲ್ಲವೂ ಕ್ಲಿಪ್ಪು ಮುಟ್ಟಿದ ಬಿಂದುವಿನ ಒತ್ತಡಕ್ಕೆ ಏರುವುದು. ಗುಂಡಿ ತಿರುಗಿಸಲು ಚಾಚಿದ ಕೈಗೆ ಅದರ ಅರಿವಿರುವುದಿಲ್ಲ.

ಆದರೆ ಅಪಾಯವೊಂದೇ ಇಲ್ಲಿಯ ತೊಡಕಲ್ಲ. ನಮಗೆ ಬೇಕಾದ ಸಂಕೇತವು ಅನೇಕ ಸಲ ಬೇಡವಾದ ದೊಡ್ಡದೊಂದು ಸಂಕೇತದ ಮೇಲೆ ಕುಳಿತಿರುವುದು. ಆಸ್ಪತ್ರೆಯಲ್ಲಿ ಹೃದಯದ ಇಸಿಜಿ ತೆಗೆಯುವುದನ್ನು ನೆನೆದುಕೊಳ್ಳಿ. ಹೃದಯದ ಮಿಡಿತವು ಚರ್ಮದ ಮೇಲೆ ಮೂಡಿಸುವ ಒತ್ತಡವು ಸುಮಾರು ಒಂದು ಮಿಲಿವೋಲ್ಟು, ಎಂದರೆ ವೋಲ್ಟಿನ ಸಾವಿರದಲ್ಲೊಂದು ಪಾಲು. ಕೋಣೆಯ ದೀಪದ ತಂತಿಗಳಿಂದ ಸೆಕೆಂಡಿಗೆ ೫೦ ಸಲ ತುಯ್ಯುವ ವಿದ್ಯುತ್ತೋ ಇಡೀ ದೇಹವನ್ನೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಅಲುಗಾಡಿಸುತ್ತಿರುವುದು. ಆದರೂ ವೈದ್ಯನ ಕಾಗದದ ಮೇಲೆ ಹೃದಯದ ಗೆರೆಯೇ ಮೂಡುವುದೇಕೆಂದರೆ, ಆ ತುಯ್ತವು ಎರಡು ಕೈಗಳಲ್ಲಿಯೂ ಸರಿಸಮವಾಗಿರುವುದು, ಹೃದಯದ ಸಂಕೇತವು ಮಾತ್ರ ಒಂದು ಕೈಯಿಂದ ಮತ್ತೊಂದು ಕೈಗೆ ಭೇದವಾಗಿರುವುದು. ಸಮವಾದುದನ್ನು ಬಿಟ್ಟು ಭೇದವನ್ನು ಹಿಗ್ಗಿಸುವ ವರ್ಧಕವು ಆ ಯಂತ್ರದೊಳಗಿದೆ. ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಬಿ. ಎಚ್. ಸಿ. ಮ್ಯಾಥ್ಯೂಸ್ ೧೯೩೪ರಲ್ಲಿ ಇಂಥ ವರ್ಧಕವನ್ನು ಜೀವಿಗಳ ವಿದ್ಯುತ್ತಿನ ಅಧ್ಯಯನಕ್ಕೆ ಬಳಸಿದನು; ಅದಾದ ಎರಡು ವರ್ಷಕ್ಕೆ ದೂರದರ್ಶನದ ಕೆಲಸದಲ್ಲಿದ್ದ ಇಂಗ್ಲಿಷ್ ಇಂಜಿನಿಯರ್ ಅಲನ್ ಬ್ಲಮ್ಲೈನ್ ಅದರ ಒಂದು ಸುಂದರ ರೂಪಕ್ಕೆ ಪೇಟೆಂಟ್ ಕೋರಿದನು.

ಆ ರೂಪದ ಒಳಗುಟ್ಟನ್ನು ಕೆರೆಯ ಕೆಳಗೆ ಗದ್ದೆಯಿರುವವರು ಕೂಡಲೇ ತಿಳಿಯಬಲ್ಲರು. ತೂಬಿನಿಂದ ಇಳಿಯುವ ನೀರು ಇಷ್ಟೇ ಎಂದು ನಿಗದಿಯಾಗಿರುವಾಗ, ಆ ಕಾಲುವೆಯಿಂದ ನೀರುಣ್ಣುವ ಎರಡು ಗದ್ದೆಗಳ ಮಡೆಗಳನ್ನು ಸರಿಸಮವಾಗಿ ಅಗಲಿಸಿದರೆ ಯಾರಿಗೂ ಹೆಚ್ಚು ನೀರು ಸಿಕ್ಕದು. ಒಂದು ಮಡೆಯನ್ನು ಮಾತ್ರ ಅಗಲಿಸಿದರೆ ಅಲ್ಲಿ ಹೆಚ್ಚಿದಷ್ಟೂ ಇನ್ನೊಂದರಲ್ಲಿ ಕುಗ್ಗುವುದು. ಬ್ಲಮ್ಲೈನನ ಮಂಡಲದಲ್ಲಿ ಎರಡು ನಿರ್ವಾತ ನಳಿಕೆಗಳು ಒಂದೇ ನಿಯತವಾದ ವಿದ್ಯುತ್ ಪ್ರವಾಹವನ್ನು ಹಂಚಿಕೊಳ್ಳುವುವು. ಎರಡರ ದ್ವಾರಗಳೂ ಒಟ್ಟಿಗೆ ಏರಿದರೆ ಹಂಚಿಕೆಯಲ್ಲಿ ಬದಲಾವಣೆಯಿಲ್ಲ, ಒಂದೇ ಏರಿದರೆ ಉಂಟು. ನಳಿಕೆಯ ಸ್ಥಾನಕ್ಕೆ ಟ್ರಾನ್ಸಿಸ್ಟರ್ ಬಂದ ಮೇಲೂ ಈ ತತ್ತ್ವದಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ.

ನನ್ನ ಮೇಜಿನ ಮೇಲಿರುವ ಶೋಧಕವು ಟೆಕ್ಟ್ರಾನಿಕ್ಸ್ ಸಂಸ್ಥೆಯ ಪಿ-೬೦೪೬. ಅಮೆರಿಕದ ಆರೆಗಾನ್ ಪ್ರಾಂತದ ಪೋರ್ಟ್‌ಲೆಂಡಿನಲ್ಲಿ ೧೯೪೬ರಲ್ಲಿ ಹೊವಾರ್ಡ್ ವೋಲಮ್, ಜ್ಯಾಕ್ ಮರ್ಡಾಕ್ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ಈ ಸಂಸ್ಥೆಯು ಮರುವರ್ಷವೇ ೫೧೧ ಎಂಬ ಆಸಿಲೋಸ್ಕೋಪನ್ನು ಹೊರತಂದು, ಮುಂದಿನ ಮೂರು ದಶಕಗಳ ಕಾಲ ಪ್ರಪಂಚದ ಪ್ರಯೋಗಶಾಲೆಗಳಿಗೆ ಕಣ್ಣಾಗಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಯಂತ್ರ ಕೆಡುವುದು ಸಹಜ, ಅದನ್ನು ರಿಪೇರಿ ಮಾಡುವವನು ಗೌರವಕ್ಕೆ ಅರ್ಹನು ಎಂಬ ಭಾವನೆ ಆ ಕಾಲದ ಅದರ ಯಂತ್ರಗಳಲ್ಲೆಲ್ಲ ಎದ್ದು ಕಾಣುವುದು. ಐನೂರರ ಸಾಲಿನ ಆಸಿಲೋಸ್ಕೋಪುಗಳ ಬಿಡಿಭಾಗಗಳನ್ನು ಪಿಂಗಾಣಿಯ ಪಟ್ಟಿಗಳ ಮೇಲಿನ ಬೆಳ್ಳಿಯ ಲೇಪಕ್ಕೆ ಬೆಸೆದಿದ್ದರು. ಬರಿಯ ತವರ-ಸೀಸದ ಬೆಸುಗೆಯನ್ನು ಹಾಕಿದರೆ ಅದು ಆ ಬೆಳ್ಳಿಯನ್ನು ತನ್ನೊಳಗೆ ಕರಗಿಸಿಕೊಂಡು ಪಟ್ಟಿಯನ್ನು ಕೆಡಿಸುವುದಾದ ಕಾರಣ, ಬೆಳ್ಳಿ ಬೆರೆತ ಬೆಸುಗೆಯ ಸಣ್ಣದೊಂದು ಸುರುಳಿಯನ್ನು ಯಂತ್ರದ ಒಳಗೇ ಇಟ್ಟು ಕಳುಹಿಸುತ್ತಿದ್ದರು. ಎಂದೋ, ಎಲ್ಲಿಯೋ, ಯಾರೋ ಮುಚ್ಚಳ ತೆರೆಯುವ ಅಪರಿಚಿತನಿಗಾಗಿ ಇಟ್ಟ ಆ ಸುರುಳಿಯನ್ನು ಮೊದಲ ಸಲ ಕಂಡಾಗ ನನಗೆ, ಪ್ರವಾಸಿಗಾಗಿ ಅರವಟ್ಟಿಗೆಯಲ್ಲಿ ನೀರಿಟ್ಟು ಹೋದವರ ನೆನಪಾಯಿತು.

ಪಿ-೬೦೪೬ ಹುಟ್ಟಿದ್ದು ೧೯೬೦ರ ದಶಕದ ಉತ್ತರಾರ್ಧದಲ್ಲಿ. ಎರಡು ಮೊನೆಗಳುಳ್ಳ ಕೈಹಿಡಿಯ ತಲೆ, ಅದರ ಹಿಂದೆ ಬಹುತಂತಿಗಳ ಕೇಬಲ್, ಆಮೇಲೆ ಒಂದು ಪುಟ್ಟ ವರ್ಧಕ, ಅದಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ: ಇಷ್ಟೇ ಅದರ ಪರಿವಾರ. ಭೇದವನ್ನು ಗ್ರಹಿಸುವ ಕಾರ್ಯವನ್ನು ದೂರದ ಪೆಟ್ಟಿಗೆಗೆ ಬಿಡದೆ ಮೊನೆಗಳ ಬುಡದಲ್ಲಿಯೇ, ಎಫ್‌ಇಟಿ ಎಂಬ ಜಾತಿಯ ಜೋಡಿ ಟ್ರಾನ್ಸಿಸ್ಟರುಗಳಿಂದ ಮುಗಿಸಿಬಿಡುವುದು ಇದರ ವೈಶಿಷ್ಟ್ಯ. ಇದರ ವ್ಯಾಪ್ತಿ ೧೦೦ ಮೆಗಾಹರ್ಟ್ಸ್. ಎಂದರೆ ಸುಮಾರು ಮೂರೂವರೆ ನ್ಯಾನೊಸೆಕೆಂಡಿನಲ್ಲಿ ಏರುವ ಸಂಕೇತವನ್ನೂ ಹಿಂಬಾಲಿಸಬಲ್ಲದು. ಸಮವಾದುದನ್ನು ಉಪೇಕ್ಷಿಸುವ ಇದರ ಶಕ್ತಿಗೆ ಇಂಜಿನಿಯರುಗಳು ಕಾಮನ್ ಮೋಡ್ ರಿಜೆಕ್ಷನ್ ರೇಷಿಯೊ ಎನ್ನುವರು. ನಾವು ನಿರಾಕರಣ ಪ್ರಮಾಣವೆನ್ನೋಣ. ೫೦ ಕಿಲೊಹರ್ಟ್ಸಿನಲ್ಲಿ ಅದು ಹತ್ತು ಸಾವಿರಕ್ಕೆ ಒಂದು: ಎರಡು ಮೊನೆಗಳಿಗೂ ಒಂದೇ ವೋಲ್ಟನ್ನು ಉಣಿಸಿದರೆ, ಇಲ್ಲದ ಭೇದವನ್ನು ಇದೆಯೆಂದು ಅದು ತೋರುವುದು ವೋಲ್ಟಿನ ಹತ್ತುಸಾವಿರದಲ್ಲೊಂದು ಪಾಲು ಮಾತ್ರ. ೫೦ ಮೆಗಾಹರ್ಟ್ಸಿಗೆ ಬರುವ ಹೊತ್ತಿಗೆ ಈ ಪ್ರಮಾಣ ಸಾವಿರಕ್ಕೆ ಒಂದಕ್ಕೆ ಇಳಿಯುವುದು. ವೇಗ ಹೆಚ್ಚಿದಂತೆ ಶೋಧಕದ ಎರಡು ಕೈಗಳನ್ನು, ಎಂದರೆ ಎರಡು ಮೊನೆಗಳಿಂದ ಹೊರಟ ದಾರಿಗಳನ್ನು, ಸಮವಾಗಿರಿಸುವುದು ಕಠಿಣ. ಒಂದು ಪೈಕೊಫ್ಯಾರಡ್, ಎಂದರೆ ಕೂದಲೆಳೆಯಷ್ಟು ತಂತಿ ಅತ್ತಿತ್ತ ಸರಿದರೂ ಉಂಟಾಗಬಹುದಾದ ಅತ್ಯಲ್ಪ ಧಾರಣಶಕ್ತಿಯು, ಆ ವೇಗದಲ್ಲಿ ಕೇವಲ ಮೂರು ಸಾವಿರದ ಇನ್ನೂರು ಓಮ್‌ಗಳ ದಾರಿಯಾಗಿ ತೆರೆದುಕೊಳ್ಳುವುದು.

ಬಳಸುವವನು ಮೊದಲು ಅರಿಯಬೇಕಾದುದು ಇದರ ಮಿತಿಯನ್ನು. ಹೆಸರು ಡಿಫರೆನ್ಷಿಯಲ್ ಎಂದಿರುವುದರಿಂದ ಮನೆಯ ವಿದ್ಯುತ್ತನ್ನು ಇದರಿಂದ ನೋಡಬಹುದೆಂದು ಭ್ರಮಿಸಬಾರದು. ನಾವು ೨೩೦ ವೋಲ್ಟೆನ್ನುವ ವಿದ್ಯುತ್ತಿನ ಶಿಖರವು ೩೨೫ ವೋಲ್ಟು. ಈ ಶೋಧಕವೋ ಮಿಲಿವೋಲ್ಟುಗಳ ಸೂಕ್ಷ್ಮಕ್ಕಾಗಿ ಮಾಡಿದ ಸಾಧನ. ಒತ್ತಡವನ್ನು ಹತ್ತರಲ್ಲೊಂದು ಪಾಲಿಗೆ ತಗ್ಗಿಸುವ ವಿಭಾಜಕವನ್ನು ಮೊನೆಗಳಿಗೆ ತೊಡಿಸಿದರೂ ಇದನ್ನು ಗೋಡೆಯ ಪ್ಲಗ್ಗಿಗೆ ಒಡ್ಡತಕ್ಕದ್ದಲ್ಲ. ಆ ಕೆಲಸಕ್ಕೆ ಹೆಚ್ಚು ಒತ್ತಡದ ಬೇರೆ ಶೋಧಕಗಳೇ ಉಂಟು. ಇದರ ಕ್ಷೇತ್ರ ಬೇರೆ. ನೆಲದಿಂದ ಮೇಲೆ ತೇಲುತ್ತಿರುವ ಸಣ್ಣ ರೋಧಕವೊಂದರ ಎರಡು ತುದಿಗಳ ನಡುವಣ ಒತ್ತಡವನ್ನು ನೋಡಿ ಅದರಲ್ಲಿ ಹರಿಯುವ ಪ್ರವಾಹವನ್ನು ತಿಳಿಯುವುದು, ಟೇಪಿನ ಕಾಂತಶಿರವು ಹುಟ್ಟಿಸುವ ಮಂದ ಸಂಕೇತವನ್ನು ಕಾಣುವುದು, ಜೋಡಿ ತಂತಿಗಳಲ್ಲಿ ವಿರುದ್ಧ ಮುಖವಾಗಿ ಸಾಗುವ ಸಂದೇಶವನ್ನು ಓದುವುದು, ಇವು ಇದಕ್ಕೆ ತಕ್ಕ ಕೆಲಸ. ಮೊನೆಗಳನ್ನು ನೀಳ ತಂತಿಗಳಿಂದ ಚಾಚಬಾರದು. ಚಾಚಲೇಬೇಕಾದರೆ ಅವೆರಡನ್ನೂ ಒಂದಕ್ಕೊಂದು ಹೆಣೆದಿರಬೇಕು, ಇಲ್ಲವಾದರೆ ಅವುಗಳ ನಡುವೆ ಬಿಟ್ಟ ಬಯಲೇ ಸುತ್ತಣ ಕಾಂತಕ್ಷೇತ್ರವನ್ನು ಹಿಡಿಯುವ ಬಲೆಯಾಗುವುದು. ಇನ್ನು, ಯಾವುದೇ ಅಳತೆಗೆ ಮುನ್ನ ಎರಡು ಮೊನೆಗಳನ್ನೂ ಮಂಡಲದ ಒಂದೇ ಬಿಂದುವಿಗೆ ತಾಕಿಸಿ ನೋಡುವ ಅಭ್ಯಾಸವನ್ನು ಬಿಡತಕ್ಕದ್ದಲ್ಲ. ಆಗ ಪರದೆಯ ಗೆರೆ ನಿಶ್ಚಲವಾಗಿರಬೇಕು. ಉಳಿದ ಕಂಪನವೆಷ್ಟೋ ಅಷ್ಟು ಈ ಯಂತ್ರದ ಸುಳ್ಳು, ಮುಂದಿನ ಅಳತೆಯಲ್ಲಿ ಅಷ್ಟನ್ನು ನಂಬಬಾರದು.

ನನ್ನ ಶೋಧಕವು ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಬೇರೆಯ ಯಂತ್ರಗಳ ಕೇಬಲ್ಲುಗಳ ನಡುವೆ ಸಿಕ್ಕಿಕೊಂಡು ಬಿದ್ದಿದ್ದಿತು. ಇಂಥ ವಸ್ತುವಿನ ಶುಶ್ರೂಷೆಯನ್ನು ಯಾವಾಗಲೂ ವಿದ್ಯುತ್ ಪೆಟ್ಟಿಗೆಯಿಂದ ಆರಂಭಿಸಬೇಕು. ಅಲ್ಲಿನ ಎಲೆಕ್ಟ್ರೊಲಿಟಿಕ್ ಧಾರಕಗಳು ದಶಕಗಳಲ್ಲಿ ಒಣಗಿಹೋಗಿ, ನಿಶ್ಚಲವಾಗಿರಬೇಕಾದ ಒತ್ತಡದ ಮೇಲೆ ಅಲೆಗಳನ್ನೆಬ್ಬಿಸುತ್ತಿರುವುವು. ಅವನ್ನು ಬದಲಿಸದೆ ಮುಂದಿನ ದೋಷಗಳನ್ನು ಹುಡುಕುವುದು ಬುನಾದಿ ಕುಸಿದ ಮನೆಯ ಬಾಗಿಲನ್ನು ಹೆರೆದು ಕೂರಿಸಿದಂತೆ. ಕೇಬಲ್ಲು ತಲೆಯನ್ನು ಸೇರುವ ಕತ್ತಿನಲ್ಲಿ ಬಾಗಿ ಬಾಗಿ ಒಳಗೆ ಮುರಿದಿರುವುದೂ, ಸ್ವಿಚ್ಚಿನ ಸಂಪರ್ಕಗಳಿಗೆ ಕಿಲುಬು ಹಿಡಿದಿರುವುದೂ ಸಾಮಾನ್ಯ. ಮೊದಲನೆಯದಕ್ಕೆ ತಾಳ್ಮೆಯ ಬೆಸುಗೆ, ಎರಡನೆಯದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲು ಸಾಕು.

ನಿಜವಾದ ಕಷ್ಟವಿರುವುದು ಎಫ್‌ಇಟಿ ಜೋಡಿಯಲ್ಲಿ. ಇದರ ದ್ವಾರವು ಎಷ್ಟು ಸೂಕ್ಷ್ಮವೆಂದರೆ ಒಣಹವೆಯಲ್ಲಿ ನಡೆದಾಡಿದ ಮನುಷ್ಯನ ಬೆರಳ ತುದಿಯ ಸ್ಥಿರವಿದ್ಯುತ್ತೇ ಅದನ್ನು ಗಾಯಗೊಳಿಸಬಲ್ಲದು. ಗಾಯವಾದ ದ್ವಾರವು ಒಮ್ಮೆಗೇ ಸಾಯದೆ ಸೋರತೊಡಗುವುದು. ಅದನ್ನು ಕಂಡುಹಿಡಿಯುವ ಉಪಾಯ ಸರಳ. ಮೊನೆಯನ್ನು ನೆಲಕ್ಕೆ ತಾಕಿಸಿ ಗೆರೆಯ ಸ್ಥಾನವನ್ನು ಗುರುತು ಮಾಡಿ, ಬಳಿಕ ಮೊನೆಯನ್ನು ಬಿಡಬೇಕು. ಹತ್ತು ಲಕ್ಷ ಓಮ್‌ಗಳ ಪ್ರವೇಶರೋಧಕದಲ್ಲಿ ಒಂದು ನ್ಯಾನೊ ಆಂಪಿಯರ್ ಸೋರಿದರೂ ಒಂದು ಮಿಲಿವೋಲ್ಟು ಹುಟ್ಟುವುದಾದ್ದರಿಂದ, ಆರೋಗ್ಯವಿಲ್ಲದ ಕೈಯ ಗೆರೆ ಕೂಡಲೇ ಜಾರುವುದು.

ನನ್ನ ಶೋಧಕದ ಒಂದು ಕೈ ಹೀಗೆ ಸೋರುತ್ತಿದ್ದಿತು. ಕೆಟ್ಟದ್ದು ಒಂದೇ ಆದ್ದರಿಂದ ನಾನು ಒಂದನ್ನೇ ಬದಲಿಸಿದೆನು. ಇದು ನನ್ನ ತಪ್ಪು. ಹೊಸ ಎಫ್‌ಇಟಿಯ ಗುಣ ಹಳೆಯದರಿಂದ ತುಸು ಭಿನ್ನವಾಗಿದ್ದರೂ ಸಮತೋಲನದ ತಿರುಪನ್ನು ತಿರುಗಿಸಿದಾಗ ಗೆರೆ ಸೊನ್ನೆಗೆ ಬಂದಿತು, ಕೆಲಸ ಮುಗಿಯಿತೆಂದು ಮುಚ್ಚಳ ಹಾಕಿದೆನು. ಅರ್ಧ ಗಂಟೆಯ ನಂತರ ನೋಡಿದರೆ ಗೆರೆ ಪರದೆಯ ಮೇಲಿನ ಚೌಕುಳಿಯ ಎರಡು ಮನೆಗಳಷ್ಟು ಕೆಳಗಿಳಿದಿತ್ತು. ಕಾವೇರಿದಂತೆ ಎರಡು ಕೈಗಳೂ ಬೇರೆ ಬೇರೆ ವೇಗದಲ್ಲಿ ಸರಿಯುತ್ತಿದ್ದುವು. ತಿರುಪು ಸರಿಪಡಿಸಿದ್ದು ಆ ಒಂದು ಕ್ಷಣದ ವ್ಯತ್ಯಾಸವನ್ನು ಮಾತ್ರ, ಅವುಗಳ ಸ್ವಭಾವದ ವ್ಯತ್ಯಾಸವನ್ನಲ್ಲ. ಹೊಲದಲ್ಲಿ ಎತ್ತೊಂದು ಸತ್ತರೆ ಉಳಿದುದಕ್ಕೆ ಹೆಗಲೆತ್ತರ, ನಡೆ, ವಯಸ್ಸು ಮೂರೂ ಕೂಡುವ ಜೊತೆಯನ್ನು ರೈತನು ಜಾತ್ರೆಯಲ್ಲಿ ಹುಡುಕುವನಲ್ಲವೆ? ನಾನೂ ಒಂದೇ ಬಗೆಯ ಇಪ್ಪತ್ತು ಎಫ್‌ಇಟಿಗಳನ್ನು ತಂದು, ಒಂದೇ ಉಷ್ಣತೆಯಲ್ಲಿ, ಒಂದೇ ಪ್ರವಾಹದಲ್ಲಿ ಪ್ರತಿಯೊಂದನ್ನೂ ಅಳೆದು ಬರೆದು, ಅತಿ ಸಮೀಪವಾದ ಎರಡನ್ನು ಆಯ್ದು ಹಳೆಯ ಜೋಡಿಯನ್ನು ಪೂರ್ತಿಯಾಗಿ ತೆಗೆದುಹಾಕಿದೆನು. ಒಂದರ ಕಾವು ಇನ್ನೊಂದಕ್ಕೂ ತಲುಪುವಂತೆ ಎರಡನ್ನೂ ತಾಮ್ರದ ಪಟ್ಟಿಯಿಂದ ಬಿಗಿದೆನು. ಆಮೇಲೆ ಗೆರೆ ಜಾರಲಿಲ್ಲ.

ರಿಪೇರಿಯ ನಂತರ ಕ್ಯಾಲಿಬ್ರೇಷನ್. ಯಂತ್ರವನ್ನು ಇಪ್ಪತ್ತು ನಿಮಿಷವಾದರೂ ಕಾವೇರಲು ಬಿಟ್ಟು, ಎರಡು ಮೊನೆಗಳನ್ನೂ ನೆಲಕ್ಕೆ ಸೇರಿಸಿ ಗೆರೆಯನ್ನು ಸೊನ್ನೆಗೆ ತರಬೇಕು. ಅನಂತರ ಪ್ರಮಾಣ ನಿಶ್ಚಿತವಾದ ಚೌಕದಲೆಯನ್ನು ಒಂದೊಂದೇ ಕೈಗೆ ಉಣಿಸಿ ವರ್ಧನೆಯನ್ನು ಸರಿಮಾಡಬೇಕು. ಮೂರನೆಯದಾಗಿ ಅದೇ ಸಂಕೇತವನ್ನು ಎರಡು ಕೈಗಳಿಗೂ ಒಟ್ಟಿಗೆ ಕೊಟ್ಟು, ಪರದೆಯಲ್ಲಿ ಉಳಿಯುವ ಶೇಷವು ಕನಿಷ್ಠವಾಗುವಂತೆ ಮೊದಲು ಮಂದಗತಿಯಲ್ಲಿಯೂ ಬಳಿಕ ತೀವ್ರಗತಿಯಲ್ಲಿಯೂ ಟ್ರಿಮ್ಮರುಗಳೆಂಬ ಸಣ್ಣ ತಿರುಪುಗಳನ್ನು ತಿದ್ದಬೇಕು. ಒಂದನ್ನು ತಿದ್ದಿದರೆ ಮತ್ತೊಂದು ಕದಲುವುದರಿಂದ ಈ ಪ್ರದಕ್ಷಿಣೆಯನ್ನು ಎರಡು ಮೂರು ಸಲ ಮಾಡದೆ ವಿಧಿಯಿಲ್ಲ. ತಿದ್ದುವ ಕಡ್ಡಿಯು ಪ್ಲಾಸ್ಟಿಕ್ಕಿನದಾಗಿರಬೇಕು. ಲೋಹದ ಸ್ಕ್ರೂಡ್ರೈವರ್ ತಾಕಿರುವಾಗ ಸರಿಯಾಗಿದ್ದುದು ಅದನ್ನು ತೆಗೆದೊಡನೆ ತಪ್ಪಾಗುವುದು.

ವಿಭಾಜಕಗಳ ವಿಷಯದಲ್ಲಿ ಮಾತ್ರ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ಕೈಯ ವಿಭಾಜಕವು ಒತ್ತಡವನ್ನು ಸರಿಯಾಗಿ ಹತ್ತರಿಂದಲೂ ಇನ್ನೊಂದು ಹತ್ತೂ ಒಂದು ದಶಾಂಶದಿಂದಲೂ ಭಾಗಿಸಿತೆನ್ನಿ. ನೂರಕ್ಕೆ ಒಂದರ ಈ ವ್ಯತ್ಯಾಸವು ಪೇಟೆಯ ಒಳ್ಳೆಯ ರೋಧಕಗಳಲ್ಲಿಯೂ ಇರುವಂಥದೇ. ಆದರೆ ಎರಡು ಮೊನೆಗಳಿಗೂ ಹತ್ತು ವೋಲ್ಟು ಕೊಟ್ಟಾಗ ಒಂದರಲ್ಲಿ ಒಂದು ವೋಲ್ಟೂ ಇನ್ನೊಂದರಲ್ಲಿ ಅದಕ್ಕಿಂತ ಹತ್ತು ಮಿಲಿವೋಲ್ಟು ಕಡಿಮೆಯೂ ಬರುವುದು. ಹತ್ತು ಸಾವಿರಕ್ಕೆ ಒಂದಾಗಿದ್ದ ನಿರಾಕರಣ ಪ್ರಮಾಣವು ನೂರಕ್ಕೆ ಒಂದಾಗಿ ಬಿದ್ದುಹೋಗುವುದು. ಆದುದರಿಂದ ಒಂದರ ವಿಭಾಜಕವನ್ನು ಇನ್ನೊಂದು ಶೋಧಕಕ್ಕೆ ಎರವಲು ಕೊಡಬಾರದು. ಒಂದು ಶೋಧಕದ ಎರಡು ಕೈಗಳಿಗೆ ಹೊಂದಿಸಿದ ವಿಭಾಜಕವು ಆ ಶೋಧಕದ್ದೇ ಅಂಗ.

ಎಲ್ಲವೂ ಮುಗಿದ ಮೇಲೆ ನಾನು ಅಕ್ಕಸಾಲಿಗನ ಪರೀಕ್ಷೆಯನ್ನೇ ಮಾಡುತ್ತೇನೆ. ಚೌಕದಲೆಯೊಂದನ್ನು ಎರಡು ಮೊನೆಗಳ ನಡುವೆ ಕೊಟ್ಟು ಚಿತ್ರವನ್ನು ಗುರುತಿಸಿಕೊಂಡು, ಮೊನೆಗಳನ್ನು ಅದಲುಬದಲು ಮಾಡುತ್ತೇನೆ. ಆಗ ಚಿತ್ರವು ನೀರಿನಲ್ಲಿ ಕಂಡ ಗೋಪುರದಂತೆ ಸಂಪೂರ್ಣವಾಗಿ ತಲೆಕೆಳಗಾಗಬೇಕು. ಕಳೆದ ಸಲ ಏರುವ ಅಂಚಿನ ಬಳಿ ಒಂದು ಸಣ್ಣ ಕೊಂಕು ಮಾತ್ರ ತಲೆಕೆಳಗಾಗದೆ ಇದ್ದಲ್ಲಿಯೇ ಉಳಿಯಿತು; ಮನೆಯ ಹತ್ತನೆಯ ಒಂದು ಪಾಲಿನಷ್ಟು. ಅದರ ಅಳತೆಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಮುಚ್ಚಳದ ಒಳಭಾಗಕ್ಕೆ ಅಂಟಿಸಿದ್ದೇನೆ.