ಜೀಪಿನಿಂದ ಕಂಡ ಕಾಡು

ನಾನು ಮಲ್ಲೇಶ್ವರದವನು. ನಮ್ಮ ಬಡಾವಣೆಯ ಎರಡು ದೊಡ್ಡ ಬೀದಿಗಳಿಗೆ ಮರಗಳ ಹೆಸರಿದೆ: ಒಂದು ಸಂಪಿಗೆ ರಸ್ತೆ, ಇನ್ನೊಂದು ಬೇವಿನ ಮರದ ಹೆಸರು ಹೊತ್ತ ಮಾರ್ಗೋಸಾ ರಸ್ತೆ. ನಮ್ಮ ದೇವರ ಹೆಸರಿನಲ್ಲಿಯೇ ಕಾಡಿದೆ. ಆತ ಕಾಡು ಮಲ್ಲೇಶ್ವರ. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ಬಸವನಗುಡಿಯಲ್ಲೂ ಮಲ್ಲೇಶ್ವರದಲ್ಲೂ ಮನೆ ಹೂಡಿದಾಗ, ಮನೆಯೊಂದಿಗೆ ಮರವೂ ಇರಬೇಕೆಂಬುದು ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಈಗ ಸಂಪಿಗೆ ರಸ್ತೆಯಲ್ಲಿ ಸಂಪಿಗೆಯನ್ನು ಹುಡುಕಬೇಕು. ನಮ್ಮ ಮನೆಯ ಎದುರಿಗೊಂದು ಮರವಿತ್ತು. ಚರಂಡಿಯ ಕೆಲಸಕ್ಕೆ ಅಡ್ಡಿಯೆಂದು ಅದನ್ನು ತೆಗೆಯಲು ಬೀದಿಯವರೆಲ್ಲ ಒಪ್ಪಿಗೆಯ ಕಾಗದ ಬರೆದುಕೊಟ್ಟರು. ಆ ಕಾಗದದಲ್ಲಿ ನನ್ನ ಸಹಿಯೂ ಇದೆ.

ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಭಾರ್ಗವಿ ಹೊಳೆಯ ದಡದಲ್ಲಿ 'ದೊಡ್ಡ ಸಂಪಿಗೆ' ಎಂಬ ಮಹಾವೃಕ್ಷವಿದೆಯೆಂದು ಬಾಲ್ಯದಿಂದ ಕೇಳಿದ್ದೆ. ಅದನ್ನು ನೋಡಬೇಕೆಂಬ ಆಸೆ, ಮರ ಕಡಿಸಿದವನ ಮನಸ್ಸಿನ ಮೂಲೆಯಲ್ಲಿ ಉಳಿದುಕೊಂಡಿತ್ತು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳನ್ನು ದಾಟಿ ಬೆಟ್ಟ ಹತ್ತಿ, ರಂಗನಾಥನಿಗೆ ಕೈಮುಗಿದು, ಕಾಡಿನ ದಾರಿಯಲ್ಲಿ ಮುಂದೆ ಸಾಗಿ ಕ್ಯಾತದೇವರ ಗುಡಿ ಸೇರಿದೆವು. 'ಕೆ. ಗುಡಿ' ಎಂದು ಎಲ್ಲರ ಬಾಯಲ್ಲಿ ಚಿಕ್ಕದಾಗಿರುವ ಈ ಸ್ಥಳದಿಂದಲೇ ಪ್ರವಾಸಿಗರ ಜೀಪುಗಳು ಕಾಡಿಗೆ ಹೊರಡುವುದು.

ಈ ವಿಹಾರಕ್ಕೆ ನಾವು 'ಸಫಾರಿ' ಎನ್ನುತ್ತೇವೆ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ. ಅದರ ಮೂಲ ಅರಬ್ಬಿಯ 'ಸಫರ್'. ಬಿಳಿಯ ಬೇಟೆಗಾರರ ಕೈಗೆ ಸಿಕ್ಕು ಆ ಪದಕ್ಕೆ ಕೋವಿಯ ವಾಸನೆ ಅಂಟಿತು. ಅನಂತರ ಕೋವಿ ಹೋಗಿ ಕ್ಯಾಮರಾ ಬಂತು; ಆದರೆ ಬೇಟೆಯ ಮನೋಧರ್ಮ ಪೂರ್ತಿ ಹೋಯಿತೆಂದು ಹೇಳಲಾರೆ. ನಮ್ಮ ಸೀಮೆಯ ಕಥೆಯೂ ಬೇರೆಯಲ್ಲ. ಇದೇ ಬೆಟ್ಟಗಳ ತಪ್ಪಲಿನಲ್ಲಿ 1874ರಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಖೆಡ್ಡಾ ಹೂಡಿ ಕಾಡಾನೆಗಳ ಹಿಂಡನ್ನೇ ಹಿಡಿದ. ಆ ಪದ್ಧತಿ ಮೈಸೂರು ಸೀಮೆಯ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. ಮರು ವರ್ಷವೇ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾಗಿ ನಮ್ಮ ಬಂಡೀಪುರ ಮೊದಲ ಒಂಬತ್ತರಲ್ಲಿ ಒಂದಾಯಿತು. ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾಯಿತು, 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು.

ನಸುಕಿನಲ್ಲಿ ಜೀಪು ಹೊರಟಿತು. ಚಾಲಕನ ಪಕ್ಕದಲ್ಲಿ ದಾರಿ ತೋರಿಸಲು ನಡುವಯಸ್ಸಿನ ಸೋಲಿಗರೊಬ್ಬರು ಕುಳಿತರು. ಹಿಂದೆ ನಾವು ಆರು ಮಂದಿ. ಅವರಲ್ಲಿ ಒಬ್ಬರು ಮೂರು ಸಲ ಬಂದರೂ ಹುಲಿ ಕಾಣದೆ ಹಿಂದಿರುಗಿದ ಮಹನೀಯರು. ಹೊರಡುವ ಮೊದಲೇ ಅವರು, "ಈ ಸಲವಾದರೂ ತೋರಿಸಿಬಿಡಿ" ಎಂದರು. ಸೋಲಿಗರು ನಕ್ಕು, "ಅದರ ಮನಸ್ಸು ಸ್ವಾಮಿ, ನಮ್ಮ ಕೈಲೇನದೆ?" ಎಂದರು.

ಬೆಳಗಿನ ಆರಕ್ಕೋ ಇಳಿಹೊತ್ತಿಗೋ ಹೊರಡುವುದಕ್ಕೆ ಕಾರಣವುಂಟು. ಬಿಸಿಲೇರಿದ ಮೇಲೆ ಮೃಗಗಳು ನೆರಳು ಸೇರುತ್ತವೆ. ಮೇಯುವುದು, ನೀರಿಗೆ ಬರುವುದು, ಬೇಟೆಯಾಡುವುದು ಎಲ್ಲ ತಂಪುಹೊತ್ತಿನಲ್ಲಿ. ಜೀಪಿನ ಸದ್ದಿಗೆ ಅವು ಓಡುವುದಿಲ್ಲವೆ ಎಂದು ಕೇಳಬಹುದು. ದಿನವೂ ಬರುವ, ಬೆನ್ನಟ್ಟದ, ತನಗೆ ಆಹಾರವೂ ಆಗದ ಈ ವಸ್ತುವಿಗೆ ಅವು ಹೊಂದಿಕೊಂಡಿವೆ. ಒಳಗಿನವನು ಕೆಳಗಿಳಿದು ಎರಡು ಕಾಲಿನ ಮೇಲೆ ನಿಂತನೋ, ಆ ಒಪ್ಪಂದ ಮುರಿಯಿತು; ಮನುಷ್ಯನ ಆಕಾರವನ್ನು ಕಂಡು ಹೆದರುವುದನ್ನು ಅವು ಮರೆತಿಲ್ಲ. ಕೆಳಗಿಳಿಯಬಾರದು, ಕೂಗಬಾರದು ಎಂಬ ನಿಯಮ ನಮ್ಮ ಕ್ಷೇಮಕ್ಕೆ ಮಾತ್ರವಲ್ಲ, ಅವುಗಳ ನೆಮ್ಮದಿಗೂ ಹೌದು.

ಬಿಳಿಗಿರಿಯ ವಿಶೇಷವಿರುವುದು ಅದರ ಏರಿಳಿತದಲ್ಲಿ. ಬುಡದಲ್ಲಿ ಸುಮಾರು ಆರುನೂರು ಮೀಟರು, ನೆತ್ತಿಯಲ್ಲಿ ಸಾವಿರದ ಎಂಟುನೂರು. ಕೆಳಗೆ ಮುಳ್ಳಿನ ಕುರುಚಲು, ಅದರ ಮೇಲೆ ಎಲೆಯುದುರುವ ಕಾಡು, ಇನ್ನೂ ಮೇಲೆ ಹಳ್ಳಕೊಳ್ಳಗಳಲ್ಲಿ ನಿತ್ಯಹಸಿರಿನ ಸೋಲೆ, ತುದಿಯಲ್ಲಿ ಬೋಳು ಹುಲ್ಲುಗಾವಲು. ಒಂದು ಬೆಳಗಿನ ಪ್ರಯಾಣದಲ್ಲಿ ಬಯಲುಸೀಮೆಯಿಂದ ಮಲೆನಾಡಿಗೆ ಹೋಗಿಬಂದಂತಾಗುತ್ತದೆ. ಪೂರ್ವಘಟ್ಟ ಪಶ್ಚಿಮಘಟ್ಟಗಳು ಕೈ ಹಿಡಿದುಕೊಳ್ಳುವ ಜಾಗವಿದು. ಮಲೆ ಮಹದೇಶ್ವರನ ಬೆಟ್ಟದ ಕಡೆಯಿಂದ ಸತ್ಯಮಂಗಲದ ಕಡೆಗೆ ಆನೆಗಳು ಈ ಬೆಟ್ಟಸಾಲಿನ ಆಸರೆಯಲ್ಲಿಯೇ ಓಡಾಡುತ್ತವೆ.

ಮೊದಲ ಅರ್ಧ ಗಂಟೆ ನಾವೆಲ್ಲರೂ ಕಣ್ಣಿನಿಂದ ಹುಡುಕಿದೆವು. ಸೋಲಿಗರು ಕಿವಿಯಿಂದ ಹುಡುಕುತ್ತಿದ್ದರು. ದೂರದಲ್ಲಿ ಒಂದು ಕಡವೆ 'ಢಾಂಕ್' ಎಂದು ಕೂಗಿತು. ಅವರು ಕೈಯೆತ್ತಿದರು, ಜೀಪು ನಿಂತಿತು. ಜಿಂಕೆ ಸುಮ್ಮನೆ ಬೆದರಿಯೂ ಕೂಗೀತು. ಕಡವೆ ಹಾಗೆ ಹಗುರವಾಗಿ ಕೂಗುವ ಪ್ರಾಣಿಯಲ್ಲ. ಮರದ ತುದಿಯಲ್ಲಿ ಕುಳಿತ ಮುಸುವ ಕೆಳಗೆ ನೋಡಿ ಕೆಮ್ಮಿದಂತೆ ಕೂಗಿದರೆ ಅದು ಕಣ್ಣಾರೆ ಕಂಡ ಸಾಕ್ಷಿ. ಈ ಕೂಗುಗಳನ್ನು ಜೋಡಿಸಿ, ಹುಲಿ ಎತ್ತಲಿಂದ ಎತ್ತ ನಡೆಯುತ್ತಿದೆಯೆಂದು ಅವರು ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಮುಂದೆ ದಾರಿಯ ನಯವಾದ ಧೂಳಿನಲ್ಲಿ ಹೆಜ್ಜೆ ಮೂಡಿತ್ತು. ಅದರ ಅಂಚು ಇನ್ನೂ ಉದುರಿರಲಿಲ್ಲ. ಹೆಜ್ಜೆಯ ಒಡೆಯ ಮಾತ್ರ ನಮಗೆ ದರ್ಶನ ಕೊಡಲಿಲ್ಲ.

ಹಿಂದೆ ಹುಲಿಗಳನ್ನು ಎಣಿಸುತ್ತಿದ್ದುದು ಇಂಥ ಹೆಜ್ಜೆಗುರುತುಗಳಿಂದಲೇ. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ ಮೂಡುವುದರಿಂದ ಆ ಲೆಕ್ಕ ನಂಬುವಂತಿರಲಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ದಾರಿಯ ಎರಡು ಪಕ್ಕದಲ್ಲೂ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನಿಟ್ಟು ಪಟ್ಟೆಗಳಿಂದ ಗುರುತಿಸುವ ಕ್ರಮವನ್ನು ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಬೆಳೆಸಿದರು. ಅದೇ ತತ್ತ್ವದ ಮೇಲೆ ನಡೆದ 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು 563. ದೇಶದಲ್ಲಿ ಮಧ್ಯಪ್ರದೇಶದ ನಂತರದ ಸ್ಥಾನ.

ಹುಲಿ ಕಾಣಲಿಲ್ಲ, ಕಾಟಿಗಳು ಕಂಡುವು, ಜಿಂಕೆಗಳ ಹಿಂಡು ಕಂಡಿತು, ಮರದಿಂದ ಮರಕ್ಕೆ ಹಾರಿದ ಕೆಂದಳಿಲು ಕಂಡಿತು. ನಮ್ಮ ಮಹನೀಯರು ಗಡಿಯಾರ ನೋಡಿಕೊಳ್ಳತೊಡಗಿದರು. ದಾರಿಯ ಎರಡು ಪಕ್ಕದಲ್ಲೂ ಬಣ್ಣಬಣ್ಣದ ಪುಟ್ಟ ಹೂವಿನ ಗಿಡ ಗೋಡೆಯಂತೆ ಒತ್ತಾಗಿ ಬೆಳೆದಿತ್ತು. ನಗರದ ಬೇಲಿಗಳಲ್ಲಿ ನಾವೆಲ್ಲ ಕಂಡಿರುವ ಲಂಟಾನ ಅದು. "ಚೆನ್ನಾಗಿದೆಯಲ್ಲ" ಎಂದು ನಾನು ಹೇಳಿದ್ದೇ ತಪ್ಪಾಯಿತು. ಸೋಲಿಗರು ಹಿಂದಕ್ಕೆ ತಿರುಗಿ ಹೇಳಿದರು: "ನಮ್ಮ ತಾತನ ಕಾಲಕ್ಕೆ ಇಲ್ಲಿ ಹುಲ್ಲಿತ್ತು ಸ್ವಾಮಿ. ಇಲ್ಲಿ ನಿಂತರೆ ಆ ಹಳ್ಳದಲ್ಲಿ ಮೇಯೋ ಕಾಟಿ ಕಾಣ್ತಿತ್ತಂತೆ. ಈಗ ಪಕ್ಕದಲ್ಲೇ ಆನೆ ನಿಂತಿದ್ರೂ ಕಾಣಾಕಿಲ್ಲ."

ಲಂಟಾನ ಅಮೆರಿಕ ಖಂಡದ ಗಿಡ. ತೋಟದ ಅಂದಕ್ಕೆಂದು ಇಂಗ್ಲಿಷರ ಕಾಲದಲ್ಲಿ ಭಾರತಕ್ಕೆ ಬಂದದ್ದು. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಬಿಳಿಗಿರಿಯ ಉದ್ದಗಲಕ್ಕೂ ಗುರುತು ಮಾಡಿಟ್ಟ ತುಣುಕುಗಳನ್ನು ಪರೀಕ್ಷಿಸಿದಾಗ, 1997ರಲ್ಲಿ ನೂರಕ್ಕೆ 41ರಲ್ಲಿದ್ದ ಲಂಟಾನ 2008ರ ಹೊತ್ತಿಗೆ 81ರಲ್ಲಿ ಕಂಡಿತು. ಅದು ಹಬ್ಬಿದಲ್ಲಿ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆಗೂ ಕಾಟಿಗೂ ಮೇವಿಲ್ಲ. ಅವಿಲ್ಲದಿದ್ದರೆ ಹುಲಿಗೆ ಊಟವಿಲ್ಲ.

ಇದು ಇಷ್ಟು ಹಬ್ಬಿದ್ದೇಕೆ? ಸೋಲಿಗರ ಉತ್ತರ ಒಂದೇ ಪದದಲ್ಲಿದೆ: ತರಗುಬೆಂಕಿ. ಚಳಿಗಾಲ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವವಿರುವಾಗ, ಬಿದ್ದ ತರಗೆಲೆಗೆ ಅವರು ಬೆಂಕಿ ಹಚ್ಚುತ್ತಿದ್ದರು. ಅದು ಮೊಣಕಾಲು ಮೀರದ ಬೆಂಕಿ. ನೆಲವನ್ನು ನೆಕ್ಕಿಕೊಂಡು ಹೋಗಿ ಲಂಟಾನದ ಎಳೆಯ ಸಸಿಗಳನ್ನು ಸುಡುತ್ತಿತ್ತು, ಹುಲ್ಲಿಗೆ ದಾರಿ ಬಿಡುತ್ತಿತ್ತು, ದೊಡ್ಡ ಮರಕ್ಕೆ ತೊಂದರೆಯಿಲ್ಲ. ನೆಲ್ಲಿಮರದ ರಸ ಹೀರುವ 'ಉಪ್ಪಿಲು' ಎಂಬ ಬದನಿಕೆಯೂ ಅದರಿಂದ ಹತೋಟಿಯಲ್ಲಿರುತ್ತಿತ್ತೆಂದು ಅವರು ಹೇಳುತ್ತಾರೆ. ಅಭಯಾರಣ್ಯವಾದ ಮೇಲೆ ಬೇಟೆ ನಿಂತಿತು, ಅದು ಸರಿ. ಜೊತೆಗೆ ಬೇಸಾಯವೂ ನಿಂತಿತು, ಬೆಂಕಿಯೂ ನಿಂತಿತು. ಪೋಡುಗಳಲ್ಲಿ ಚದರಿದ್ದ ಜನರನ್ನು ಕಾಲೊನಿಗಳಿಗೆ ತಂದು ಕೂರಿಸಲಾಯಿತು. ಬೆಂಕಿಗೆ ವಿರೋಧವಾಗಿ ಹೇಳುವವರ ಮಾತಿನಲ್ಲೂ ಹುರುಳಿದೆ. ಕಡುಬೇಸಗೆಯಲ್ಲಿ ಕೈಮೀರಿದ ಕಿಚ್ಚು ಕಾಡನ್ನೇ ನುಂಗಬಲ್ಲದು. ಆದರೆ ವರ್ಷವರ್ಷವೂ ತರಗು ಸುಡದೆ ರಾಶಿಯಾದಾಗಲೇ ಅಂಥ ಕಿಚ್ಚು ಏಳುವುದೆಂಬ ಸೋಲಿಗರ ವಾದವನ್ನು ಈಗ ವಿಜ್ಞಾನಿಗಳೂ ಕಿವಿಗೊಟ್ಟು ಕೇಳುತ್ತಿದ್ದಾರೆ.

ಕಾಡಿಗೆ ಬೇಲಿ ಹಾಕುವಾಗ ನಾವು ಮಾಡಿದ ತಪ್ಪು ಇಲ್ಲಿದೆಯೆಂದು ನನಗೆ ತೋರುತ್ತದೆ. ಮನುಷ್ಯನೆಂದರೆ ಕೋವಿ ಹಿಡಿದವನು, ಕೊಡಲಿ ಹಿಡಿದವನು ಎಂದು ತಿಳಿದೆವು. ಅದು ನಮ್ಮನ್ನೇ ಕನ್ನಡಿಯಲ್ಲಿ ನೋಡಿಕೊಂಡು ಮಾಡಿದ ತೀರ್ಮಾನ. ಸೋಲಿಗರ ಲೆಕ್ಕ ಬೇರೆ. ಕಾಡನ್ನು ಅವರು 'ಎಲ್ಲೆ'ಗಳಾಗಿ ಹಂಚಿಕೊಂಡಿದ್ದಾರೆ. ಒಂದೊಂದು ಎಲ್ಲೆ ಒಂದೊಂದು ಕುಲದ್ದು. ಪ್ರತಿ ಎಲ್ಲೆಗೂ ದೇವರು, ಮಾರಮ್ಮ, ವೀರು, ಹಿರಿಯರು ಮಲಗಿರುವ ಕಲ್ಲುಗುಡಿ, ನೀರಿನ ಅಬ್ಬಿ ಎಂಬ ಐದು ನೆಲೆಗಳು. ಬೆಟ್ಟದ ರಂಗನಾಥ ಅವರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. ಆದ್ದರಿಂದ ಅವರಿಗೆ ಆತ ರಂಗಭಾವ. ದೇವರನ್ನು ನೆಂಟನನ್ನಾಗಿ ಮಾಡಿಕೊಂಡವರು ಅವನ ಕಾಡನ್ನು ಹೇಗೆ ನೋಡುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಸೋಲಿಗರು ಈ ಸಂಬಂಧವನ್ನು ಕಾಗದದ ಮೇಲೆ ತೋರಿಸಬೇಕಾಯಿತು. ಹಿರಿಯರನ್ನು ಕರೆದುಕೊಂಡು ಕಾಡೆಲ್ಲ ನಡೆದು, ನೂರಾರು ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. 2011ರ ಅಕ್ಟೋಬರಿನಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿಯೇ ಅದು ಮೊದಲು. ಜೇನು, ನೆಲ್ಲಿ, ಪಾಚಿಗಳನ್ನು ತರುವ ಹಕ್ಕಿನ ಜೊತೆಗೆ ಕಾಡನ್ನು ಕಾಯುವ ಹೊಣೆಯನ್ನೂ ಕಾಯಿದೆ ಅವರಿಗೆ ಒಪ್ಪಿಸುತ್ತದೆ. ಆ ಹೊಣೆಯನ್ನು ನಡೆಸಲು ಅವರ ಮಾತಿಗೆ ಎಷ್ಟು ಬೆಲೆ ಸಿಗುತ್ತದೆಂಬುದರ ಮೇಲೆ ಈ ಬೆಟ್ಟಗಳ ಮುಂದಿನ ದಿನಗಳು ನಿಂತಿವೆ.

ಹಿಂದಿರುಗುವಾಗ ನಾನು ದೊಡ್ಡ ಸಂಪಿಗೆಯ ಮಾತು ತೆಗೆದೆ. ನಮ್ಮ ಜೀಪಿನ ದಾರಿ ಆ ಕಡೆಗಿರಲಿಲ್ಲ. "ಒಂದು ಸಲ ನೋಡಬೇಕೆಂದು ಬಹಳ ಆಸೆ" ಎಂದೆ. ಸೋಲಿಗರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಅಲ್ಲಿಗೆ ನೋಡಾಕೆ ಹೋಗಾಕಿಲ್ಲ ಸ್ವಾಮಿ, ಪೂಜೆಗೆ ಹೋಗ್ತೀವಿ. ಬುಡದಲ್ಲಿ ಲಿಂಗಗಳವೆ" ಎಂದರು. ಸ್ವಲ್ಪ ತಡೆದು ಕೇಳಿದರು: "ನಿಮ್ಮೂರಲ್ಲಿ ಸಂಪಿಗೆ ಇಲ್ವಾ?"

ನಮ್ಮ ಬೀದಿಗೇ ಆ ಹೆಸರಿದೆ ಎಂದೆ. ಮರದ ವಿಷಯ ಹೇಳಲಿಲ್ಲ. ಕಾಗದದ ಸಹಿಯ ವಿಷಯವಂತೂ ಬಾಯಿಗೆ ಬರಲಿಲ್ಲ.

ಹುಲಿಯನ್ನು ನೋಡಲು ಹೋಗುವವರನ್ನು ನಾನು ಹಳಿಯುವುದಿಲ್ಲ. ಕಾಡು ಉಳಿಯಬೇಕಾದರೆ ಅದನ್ನು ಕಂಡವರು ನಗರಗಳಲ್ಲಿಯೂ ಇರಬೇಕು. ಹೋದಾಗ ಮೂರು ಗಂಟೆ ಮಾತಿಲ್ಲದೆ ಕುಳಿತು, ದಾರಿ ತೋರಿಸುವವರ ಕಿವಿಯಿಂದ ಕೇಳಲು ಯತ್ನಿಸಿದರೆ ಹುಲಿ ಸಿಗದಿದ್ದರೂ ಕಾಡು ಸ್ವಲ್ಪ ಸಿಕ್ಕೀತು. ನಾನಂತೂ ಬೆಂಗಳೂರಿಗೆ ಬಂದ ವಾರದಲ್ಲಿಯೇ ಲಾಲ್‌ಬಾಗಿನ ಸಸ್ಯಶಾಲೆಯಿಂದ ಒಂದು ಸಂಪಿಗೆ ಸಸಿ ತಂದು ನೆಟ್ಟೆ. ಈ ಸಲ ಚರಂಡಿಯಿಂದ ನಾಲ್ಕು ಮಾರು ದೂರದಲ್ಲಿ, ನಮ್ಮ ಕಾಂಪೌಂಡಿನ ಒಳಗೆ. ಹೂ ಬಿಡುವುದನ್ನು ನೋಡಲು ನಾನಿರುತ್ತೇನೋ ಇಲ್ಲವೋ. ನೀರು ಹಾಕುವ ಕೆಲಸವನ್ನು ಮೊಮ್ಮಗಳು ವಹಿಸಿಕೊಂಡಿದ್ದಾಳೆ.